ಒಂದು ಲಾರಿ, ಮೂರು ಬುದ್ಧಿ

ವ್ಯಾಪಾರಕ್ಕೆ ಒಂದೇ ಬಗೆಯ ಬುದ್ಧಿ ಸಾಕೆಂದು ನಂಬಿದವರು ಒಂದು ಸುಗ್ಗಿಯ ಕಾಲವಾದರೂ ನಮ್ಮ ತಾಳವಾಡಿಯಲ್ಲಿದ್ದು ನೋಡಬೇಕು. ಈರೋಡ್ ಜಿಲ್ಲೆಯ ಅಂಚಿನಲ್ಲಿ, ಚಾಮರಾಜನಗರದ ಮಗ್ಗುಲಲ್ಲಿ, ಕಾಡಿನಿಂದ ಸುತ್ತುವರಿದ ಆ ಎತ್ತರದ ನೆಲದಲ್ಲಿ ಎಲೆಕೋಸು, ಟೊಮ್ಯಾಟೊ, ಬೀಟ್‌ರೂಟ್, ಬೆಳ್ಳುಳ್ಳಿ, ಅರಿಸಿನ ಬೆಳೆಯುತ್ತವೆ. ಬೆಳೆಯುವುದು ಕನ್ನಡದಲ್ಲಿ, ಮಾರುವುದು ಬಹುಮಟ್ಟಿಗೆ ತಮಿಳಿನಲ್ಲಿ. ಹೊಲಕ್ಕೂ ಮಂಡಿಗೂ ನಡುವೆ ದಿಂಬಂ ಘಾಟಿಯ 27 ಕಡಿದಾದ ತಿರುವುಗಳಿವೆ. ಆ ಇಳಿಜಾರಿನಲ್ಲಿ ಭಾಷೆಯಷ್ಟೇ ಅಲ್ಲ, ಆಲೋಚನೆಯ ರೀತಿಯೂ ಬದಲಾಗುತ್ತದೆ ಎಂಬುದು ಕೊಯಮತ್ತೂರಿನಲ್ಲಿ ಬಹುಕಾಲದಿಂದ ನೆಲೆಸಿರುವ ನನಗೆ, ಊರಿಗೆ ಹೋದಾಗಲೆಲ್ಲ ಕಂಡುಬಂದಿದೆ.

ನಮ್ಮ ದೊಡ್ಡಣ್ಣ ಋತುಗಳಲ್ಲಿ ಯೋಚಿಸುವವರು. ಹೊಸ ಹೊಲಕ್ಕೆ ಕಾಲಿಟ್ಟರೆ ಮೊದಲು ಹಿಡಿ ಮಣ್ಣನ್ನು ಪುಡಿಮಾಡಿ ನೋಡುತ್ತಾರೆ. ಬಳಿಕ ಆನೆ ಯಾವ ಕಡೆಯಿಂದ ಬಂದು ಯಾವ ಕಡೆಗೆ ಹೋಗುತ್ತದೆ ಎಂದು ವಿಚಾರಿಸುತ್ತಾರೆ. 2023ರ ಏಪ್ರಿಲ್‌ನಲ್ಲಿ ಕರುಪ್ಪನ್ ಎಂಬ ಕಾಡಾನೆಯನ್ನು ಹಿಡಿದು ಸಾಗಿಸಿದಾಗ ಊರೆಲ್ಲ ನಿಟ್ಟುಸಿರುಬಿಟ್ಟರೂ, ಅವರು ಮಾತ್ರ ಹೊಲದ ಆ ಮಗ್ಗುಲಿಗೆ ಅರಿಸಿನವನ್ನೇ ಹಾಕಿದರು. ಒಂದಾನೆ ಹೋದರೂ ಆನೆಯ ದಾರಿ ಹೋಗುವುದಿಲ್ಲವೆಂಬುದು ಅವರ ಲೆಕ್ಕ. ‘ನಾಳೆ ಕೋಸಿಗೆ ಎಷ್ಟು ಬರಬಹುದು?’ ಎಂದು ಕೇಳಿ ನೋಡಿ, ಆಕಾಶ ನೋಡುತ್ತಾರೆ.

ನಡುವಣ್ಣನದು ತದ್ವಿರುದ್ಧ. ಅವರಿಗೆ ಮಣ್ಣು ಗೊತ್ತಿಲ್ಲ, ಮುಖ ಗೊತ್ತು. ಆಡಿ ತಿಂಗಳಲ್ಲಿ ಅಂದಿಯೂರಿನ ಗುರುನಾಥಸ್ವಾಮಿ ಜಾತ್ರೆಯಲ್ಲಿ ದನ ಕೊಳ್ಳಲು ಹೋದ ಹುಡುಗ, ದಲ್ಲಾಳಿಗಳು ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುವುದನ್ನು ಮೂರು ದಿನ ನಿಂತು ನೋಡಿದನಂತೆ. ಮಾತಿಲ್ಲದ ಆ ವ್ಯಾಪಾರದಲ್ಲಿ ಎದುರಾಳಿಯ ಕಣ್ಣೊಂದೇ ಓದಲಿಕ್ಕೆ ಸಿಕ್ಕುವುದು. ಮಂಡಿಯಲ್ಲಿ ಯಾರಿಗೆ ಇಂದು ಸರಕು ಬೇಕೇ ಬೇಕು, ಯಾರು ಬೇಡದವರಂತೆ ನಟಿಸುತ್ತಿದ್ದಾರೆ ಎಂದು ಗುರುತಿಸಿ ಕ್ಷಣಾರ್ಧದಲ್ಲಿ ಬೆಲೆ ಮುರಿಯಬಲ್ಲರು. ಅದೇ ಮನುಷ್ಯನನ್ನು ಮೂರು ತಿಂಗಳು ಸಸಿಗೆ ನೀರು ಹಾಯಿಸಲು ಬಿಟ್ಟರೆ ಸಸಿಯೂ ಬದುಕದು, ಅವರೂ ಬದುಕರು.

ಮೂರನೆಯವರು ದೊಡ್ಡತ್ತಿಗೆ. ಏಳನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಓದಿದವರು. ಬೆಳೆ ಎಷ್ಟು ಬಂತು, ಬೆಲೆ ಎಷ್ಟು ಸಿಕ್ಕಿತು ಎಂಬುದಕ್ಕಿಂತ ಕೊನೆಗೆ ಉಳಿದದ್ದೆಷ್ಟು ಎಂಬುದೇ ಅವರ ಪ್ರಶ್ನೆ. ಮಂಡಿ ಚೀಟಿ, ಲಾರಿ ಬಾಡಿಗೆ, ಕೂಲಿ, ಕಮಿಷನ್, ಕೊಳೆತು ಎಸೆದ ಕಾಯಿ ಎಲ್ಲವೂ ಅವರ ನೋಟುಪುಸ್ತಕದಲ್ಲಿ ತಾರೀಖಿನೊಡನೆ ಸೇರುತ್ತವೆ. ಮನೆಯಲ್ಲಿ ಇದನ್ನು ಬಹಳ ಕಾಲ ‘ಅತ್ತಿಗೆಯ ಬರವಣಿಗೆ’ ಎಂದು ಹಗುರವಾಗಿಯೇ ಕಂಡರು.

ಎಡ್ವರ್ಡ್ ಡಿ ಬೋನೊ ಎಂಬ ಮಾಲ್ಟಾ ಮೂಲದ ಚಿಂತಕರು 1985ರಲ್ಲಿ ಆರು ಬಣ್ಣದ ಟೋಪಿಗಳ ಕುರಿತು ಒಂದು ಗ್ರಂಥ ಬರೆದರು. ಅಂಕಿಅಂಶಕ್ಕೊಂದು, ಎಚ್ಚರಿಕೆಗೊಂದು, ಹೊಸ ಕಲ್ಪನೆಗೊಂದು ಎಂದು ಯೋಚನೆಯ ಟೋಪಿಗಳನ್ನು ಬೇಕಾದಂತೆ ಬದಲಿಸಿಕೊಳ್ಳಬಹುದೆಂಬುದು ಅವರ ಪ್ರತಿಪಾದನೆ. ಕಂಪನಿಗಳ ಸಭೆಗಳಲ್ಲಿ ಅದು ಉಪಯುಕ್ತವಾಗಿರಬಹುದು. ಆದರೆ ನಮ್ಮೂರಿನವರು ಟೋಪಿ ಹಾಕುವವರಲ್ಲ, ಮುಂಡಾಸು ಸುತ್ತುವವರು. ಮುಂಡಾಸು ಬದಲಾದರೂ ಒಳಗಿನ ತಲೆ ಅಷ್ಟು ಸುಲಭವಾಗಿ ಬದಲಾಗದು. ಆದ್ದರಿಂದ ಆ ತಲೆಗೆ ಒಪ್ಪುವ ಕೆಲಸವನ್ನು ಹುಡುಕಿಕೊಡುವುದೇ ಹೆಚ್ಚು ಫಲದಾಯಕವೆಂದು ನನ್ನ ಎಣಿಕೆ.

ಇದಕ್ಕೆ ನಮ್ಮ ಸೀಮೆಯ ಉಜ್ವಲ ನಿದರ್ಶನ ಸಂಘದ ಸದಸ್ಯರೆಲ್ಲರಿಗೂ ಪರಿಚಿತವೇ. ತಾಳವಾಡಿಯ ಪಕ್ಕದ ಗಾಜನೂರಿನ ಮುತ್ತುರಾಜರು ಡಾ. ರಾಜ್‌ಕುಮಾರ್ ಆಗಿ ಬೆಳೆದದ್ದು ಅವರ ಪ್ರತಿಭೆಯಿಂದ, ನಿಜ. ಆದರೆ ಆ ಪ್ರತಿಭೆಯ ಸುತ್ತ ಬೇರೆ ಬಗೆಯ ಎರಡು ಮನಸ್ಸುಗಳು ದುಡಿದವು. ಕಥೆಯ ಆಯ್ಕೆಯಲ್ಲಿ ಸಹೋದರ ವರದಪ್ಪನವರ ಮಾತಿಗೆ ತೂಕವಿತ್ತು. 1975ರ ‘ತ್ರಿಮೂರ್ತಿ’ಯೊಡನೆ ಪಾರ್ವತಮ್ಮನವರು ನಿರ್ಮಾಣದ ಹೊಣೆ ಹೊತ್ತು, ಚಿತ್ರೋದ್ಯಮದಂಥ ಗಂಡಸರ ಪೇಟೆಯಲ್ಲಿ ವ್ಯವಹಾರವನ್ನು ದಶಕಗಳ ಕಾಲ ನಡೆಸಿದರು. ಅಭಿನಯಿಸುವವರೇ ಹಂಚಿಕೆಯ ಲೆಕ್ಕಕ್ಕೂ ಕುಳಿತಿದ್ದರೆ ಎರಡೂ ಸೊರಗುತ್ತಿದ್ದವೇನೋ.

ನಮ್ಮ ಮನೆಯಲ್ಲಿ ಈ ಹೊಂದಾಣಿಕೆ ಅಷ್ಟು ಸಲೀಸಾಗಿ ಬರಲಿಲ್ಲ. ಹಿಂದೆ ಸಂಜೆ ತುಂಬಿದ ಲಾರಿ ರಾತ್ರಿ ಘಾಟಿ ಇಳಿದು ಬೆಳಗಾಗುವುದರೊಳಗೆ ಮೇಟುಪಾಳ್ಯದ ಮಂಡಿ ಸೇರುತ್ತಿತ್ತು. 2022ರ ಫೆಬ್ರವರಿಯಲ್ಲಿ ಮದರಾಸು ಉಚ್ಚ ನ್ಯಾಯಾಲಯದ ಆದೇಶದಂತೆ ದಿಂಬಂ ದಾರಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂತು. ಬಳಿಕ ಒಂದಿಷ್ಟು ಸಡಿಲಿಕೆಯೂ ದೊರೆಯಿತು. ಹುಲಿ ಸಂರಕ್ಷಿತ ಅರಣ್ಯದಲ್ಲಿ ವಾಹನಕ್ಕೆ ಸಿಕ್ಕು ಸಾಯುವ ಮೂಕಪ್ರಾಣಿಗಳನ್ನು ಕಂಡವನಾಗಿ ಆ ನಿಯಮದ ಉದ್ದೇಶವನ್ನು ನಾನು ಆಕ್ಷೇಪಿಸಲಾರೆ. ಆದರೆ ಟೊಮ್ಯಾಟೊಗೆ ಕಾನೂನು ತಿಳಿಯದು. ತಡವಾಗಿ ತುಂಬಿದ ಗಾಡಿ ಬೆಳಗಿನವರೆಗೆ ಮೇಲೆಯೇ ನಿಂತು, ಪೇಟೆ ಮುಗಿಯುವ ಹೊತ್ತಿಗೆ ಕೆಳಗಿಳಿಯತೊಡಗಿತು.

ಎರಡು ತಿಂಗಳ ನಷ್ಟ ಅಣ್ಣಂದಿರನ್ನು ಪಾಲಿನ ಮಾತಿಗೆ ತಂದು ನಿಲ್ಲಿಸಿತು. ‘ಬೆಲೆ ತರೋನು ನಾನು’ ಎಂದು ಒಬ್ಬರು, ‘ಬೆಳೆ ಇಲ್ದೆ ಏನ ಮಾರೀಯೆ?’ ಎಂದು ಇನ್ನೊಬ್ಬರು. ಹಿರಿಯರನ್ನು ಕರೆಸುವ ದಿನವೂ ಗೊತ್ತಾಗಿತ್ತು. ನನ್ನನ್ನೂ ಕರೆಸಿದ್ದರು. ಅತ್ತಿಗೆ ನೋಟುಪುಸ್ತಕ ತಂದು ನಡುಮನೆಯಲ್ಲಿಟ್ಟು ಹೇಳಿದ್ದು ಇಷ್ಟೇ: ‘ಕಾಯಿ ಕೆಟ್ಟಿದ್ದು ಹೊಲದಲ್ಲೂ ಅಲ್ಲ, ಮಂಡೀಲೂ ಅಲ್ಲ ಕಣಪ್ಪ. ದಾರೀಲಿ.’ ಯಾವ ದಿನ ಎಷ್ಟು ಹೊತ್ತಿಗೆ ಗಾಡಿ ಹೊರಟಿತು, ಎಷ್ಟು ಕ್ರೇಟು ಎಸೆಯಬೇಕಾಯಿತು ಎಂಬುದನ್ನು ಎದುರುಬದುರು ಬರೆದಿದ್ದರು. ಮಧ್ಯಾಹ್ನ ಹೊರಟ ದಿನಗಳಲ್ಲಿ ಎಸೆದದ್ದು ಅತ್ಯಲ್ಪ.

ಆ ಪುಟ ನೋಡಿದ ಮೇಲೆಯೇ ಉಳಿದಿಬ್ಬರ ಬುದ್ಧಿಯೂ ತಮ್ಮ ತಮ್ಮ ದಾರಿಯಲ್ಲಿ ಓಡಿತು. ನಸುಕಿನಲ್ಲೇ ಕೊಯ್ದು ಹೊತ್ತಿಳಿಯುವ ಮುನ್ನ ಘಾಟಿ ದಾಟಿಸುವುದೆಂದಾಯಿತು. ಟೊಮ್ಯಾಟೊ ತಗ್ಗಿಸಿ, ಎರಡು ದಿನ ಕಾಯಬಲ್ಲ ಕೋಸು, ಬೀಟ್‌ರೂಟ್, ತಿಂಗಳುಗಟ್ಟಲೆ ಇರುವ ಬೆಳ್ಳುಳ್ಳಿಗೆ ಹೆಚ್ಚು ನೆಲ ಕೊಡುವ ಯೋಚನೆ ದೊಡ್ಡಣ್ಣನದು. ಟೊಮ್ಯಾಟೊವನ್ನು ಚಾಮರಾಜನಗರದ ಕಡೆಗೇ ಕಳುಹಿಸುವ ಏರ್ಪಾಟು ನಡುವಣ್ಣನದು. ಪಾಲಿನ ಪಂಚಾಯಿತಿಗೆ ಬಂದ ಹಿರಿಯರು ಊಟ ಮಾಡಿ ಹೊರಟರು.

ಈಗ ಮುಂದಿನ ತಲೆಮಾರಿನ ಸರದಿ. ದೊಡ್ಡಣ್ಣನ ಮಗ ಮಿತಭಾಷಿ. ಸಸಿಮಡಿಯ ನೆರಳುಪರದೆಯಡಿ ಕುಳಿತರೆ ಊಟ ಮರೆಯುವವನು. ಗಂಡುಮಗನೆಂಬ ಒಂದೇ ಕಾರಣಕ್ಕೆ ಅವನನ್ನು ಎರಡು ವರ್ಷ ಮಂಡಿಗೆ ಅಟ್ಟಿದರು. ಕೊಟ್ಟ ಬೆಲೆಗೆ ತಲೆಯಾಡಿಸಿ ಬರುತ್ತಿದ್ದ. ಅವನ ತಂಗಿ ಬಸ್ಸಿನ ಕಂಡಕ್ಟರೊಡನೆಯೂ ತಮಿಳಿನಲ್ಲಿ ವಾದಿಸಿ ಚಿಲ್ಲರೆ ಪಡೆಯುವವಳು. ಹೆಣ್ಣುಮಗು ಮಂಡಿಯಲ್ಲಿ ನಿಲ್ಲುವುದೆಂದರೆ ದೊಡ್ಡಣ್ಣನಿಗೆ ಮನಸ್ಸು ಒಪ್ಪಲಿಲ್ಲ. ನೆಂಟರಿಷ್ಟರ ಬಾಯಿಯ ಭಯವೂ ಇತ್ತು. ನಡುವಣ್ಣನೇ ಹಟಹಿಡಿದು, ‘ನನ್ನ ಜೊತೆ ಬರಲಿ, ನಾಲ್ಕು ದಿನ’ ಎಂದು ಕಳೆದ ವರ್ಷ ಕರೆದುಕೊಂಡು ಹೋದರು.

ನಾಲ್ಕನೆಯ ದಿನ ಅವರು ಚಹಾದಂಗಡಿಯಲ್ಲೇ ಕುಳಿತಿದ್ದರಂತೆ. ಕೋಸಿನ ಬೆಲೆ ಅವಳೇ ಕಟ್ಟಿದಳು. ಸಂಜೆ ಮನೆಗೆ ಬಂದು ಚೀಟಿಯನ್ನು ತಾಯಿಯ ಕೈಗಿತ್ತಳು. ಅತ್ತಿಗೆ ಕಮಿಷನ್ ಕಳೆದು, ಬಾಡಿಗೆ ಕಳೆದು, ಎರಡು ಸಲ ಕೂಡಿ ನೋಡಿ, ಮಗಳ ಹೆಸರನ್ನು ಪುಟದ ಮೇಲೆ ಬರೆದುಕೊಂಡರು.