ಶೆಲ್ಲಿನ ಡಬ್ಬಿ

ಕೊಳ್ಳೇಗಾಲದ ಸೀಮೆಯಲ್ಲಿ ಬ್ಯಾಟರಿಯೆಂದರೆ ಕೈದೀಪ. ಅದರ ಹೊಟ್ಟೆಯೊಳಗೆ ಹಾಕತಕ್ಕದ್ದು ಶೆಲ್ಲು. ವಿಜ್ಞಾನದ ಪುಸ್ತಕವನ್ನು ಓದಿದವರು ಇದು ತಪ್ಪೆಂದು ತಿದ್ದಹೊರಟರೆ ಸೋಲುವವರು ಅವರೇ. “ಬ್ಯಾಟರಿ ಬಿಡು” ಎಂದರೆ ಬೆಳಕು ಬಿಡು ಎಂದೇ ಹನೂರಿನ ರೈತನು ತಿಳಿಯುವನಲ್ಲದೆ ಬೇರೊಂದರ್ಥ ಅವನಿಗೆ ಹೊಳೆಯದು. ರೂಢಿಯು ಶಾಸ್ತ್ರಕ್ಕಿಂತ ಬಲವಾದುದು. ಈ ಬರಹದಲ್ಲಿಯೂ ಆ ರೂಢಿಯನ್ನೇ ಹಿಡಿದಿದೆ.

ಕೊಳ್ಳೇಗಾಲದಲ್ಲಿ ಉಪಾಧ್ಯಾಯವೃತ್ತಿಯಿಂದ ನಿವೃತ್ತರಾದ ಗೃಹಸ್ಥರೊಬ್ಬರಿದ್ದಾರೆ. ಊರಿನವರ ಬಾಯಲ್ಲಿ ಅವರು ಮೇಷ್ಟ್ರು. ಹನೂರಿನಾಚೆ, ಕಾಡಿನ ಅಂಚಿನಲ್ಲಿ, ಅವರಿಗೆ ಪಿತ್ರಾರ್ಜಿತವಾದ ನಾಲ್ಕೆಕರೆ ಹೊಲವುಂಟು. ಮಳೆ ಕೈಕೊಡದ ವರ್ಷ ಅಲ್ಲಿ ಮುಸುಕಿನ ಜೋಳ ಚೆನ್ನಾಗಿ ಬರುತ್ತದೆ. ಕಾಡಿನ ಅಂಚು ಎಂದ ಮೇಲೆ ಆನೆಯ ಮಾತನ್ನು ಬೇರೆ ಹೇಳಬೇಕಾಗಿಲ್ಲ. ಒಂದು ಕಡೆ 2011ರಲ್ಲಿ ಹುಲಿಸಂರಕ್ಷಿತ ಪ್ರದೇಶವಾದ ಬಿಳಿಗಿರಿರಂಗನ ಬೆಟ್ಟದ ಕಾಡು, ಇನ್ನೊಂದು ಕಡೆ 2013ರಲ್ಲಿ ವನ್ಯಧಾಮವಾದ ಮಲೆಮಹದೇಶ್ವರ ಬೆಟ್ಟದ ಕಾಡು. ಇವೆರಡರ ನಡುವೆ ಓಡಾಡುವ ಆನೆಗೆ ಪಹಣಿ ಯಾರ ಹೆಸರಿನಲ್ಲಿದೆಯೆಂಬ ವಿಚಾರವಿಲ್ಲ.

ತೆನೆ ಹಾಲುತುಂಬಿದ ದಿನದಿಂದ ಕೊಯ್ಲಿನವರೆಗೆ ಮೇಷ್ಟ್ರ ಹೊಲದ ಕಾವಲುಗಾರನು ಮರದ ಮೇಲಿನ ಅಟ್ಟಣೆಯಲ್ಲಿ ರಾತ್ರಿ ಕಳೆಯುತ್ತಾನೆ. ಬಡಿಯುವುದಕ್ಕೊಂದು ತಗಡಿನ ಡಬ್ಬ, ಮೂರು ದೊಡ್ಡ ಶೆಲ್ಲಿನ ಬ್ಯಾಟರಿ, ಪೆನ್ಸಿಲ್ ಶೆಲ್ಲು ಹಾಕಿ ಹಣೆಗೆ ಕಟ್ಟಿಕೊಳ್ಳುವ ಒಂದು ಸಣ್ಣ ದೀಪ, ಇಷ್ಟೇ ಅವನ ಸಾಹಿತ್ಯ. ಬೆಳಕನ್ನು ಕಂಡು ಆನೆ ಹೆದರುವುದೆಂದು ಪಟ್ಟಣದವರು ಭಾವಿಸುತ್ತಾರೆ. ಹೆದರುವುದೂ ಉಂಟು, ಹೆದರದಿರುವುದೂ ಉಂಟು. ಬೆಳಕಿನ ನಿಜವಾದ ಪ್ರಯೋಜನವು ಆನೆಗಲ್ಲ, ಮನುಷ್ಯನಿಗೆ: ಅದು ಎಲ್ಲಿ ನಿಂತಿದೆ, ಒಂದೋ ಎರಡೋ, ಮರಿಯುಂಟೋ ಎಂಬುದನ್ನು ತಿಳಿಯದೆ ಮರದಿಂದ ಕಾಲು ಕೆಳಗಿಡುವಂತಿಲ್ಲ.

ಮೇಷ್ಟ್ರು ಮಿತವ್ಯಯಿಗಳು. ಮನೆಯಲ್ಲಿ ಉಪಯೋಗಿಸಿ ಬೆಳಕು ತುಸು ಮಂಕಾದ ಶೆಲ್ಲುಗಳನ್ನು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಕೂಡಿಟ್ಟು, ಹೊಲಕ್ಕೆ ಕಳುಹಿಸುವುದು ಅವರ ವಾಡಿಕೆಯಾಗಿತ್ತು. ಹಳೆಯ ಕಂಬಳಿ, ಸೊಟ್ಟಾದ ಚೊಂಬು, ಮುರುಕು ಕುರ್ಚಿ ಎಲ್ಲವೂ ಹೊಲಕ್ಕೆ ಹೋಗುವ ದಾರಿಯಲ್ಲೇ ಶೆಲ್ಲೂ ಹೋಯಿತು. ಇದರಲ್ಲಿ ದುರುದ್ದೇಶವೇನೂ ಇರಲಿಲ್ಲ. ಮನೆಯಲ್ಲಿ ಬೆಳಕು ಮಂಕಾದರೆ ಹತ್ತು ಜನ ಕೇಳುತ್ತಾರೆ, ಅಟ್ಟಣೆಯ ಮೇಲೆ ಕೇಳುವವನು ಒಬ್ಬನೇ. ಅವನಾದರೂ ಮೆಲ್ಲಗೆ ಮಾತನಾಡುವವನು.

ಒಂದು ರಾತ್ರಿ ಎರಡು ಗಂಟೆಯ ಸುಮಾರಿಗೆ ಜೋಳದ ದಂಟು ಮುರಿಯುವ ಸದ್ದಾಯಿತು. ಕಾವಲುಗಾರನು ಬ್ಯಾಟರಿ ಬಿಟ್ಟನು. ಬೆಳಕು ಹತ್ತು ಮಾರು ಹೋಗಿ ನಿಂತಿತು. ತಡಕಾಡಿ ಮೂರು ಬದಲಿ ಶೆಲ್ಲು ಹಾಕಿದನು. ಅವೂ ಅದೇ ಡಬ್ಬಿಯಿಂದ ಬಂದವು. ಒಮ್ಮೆ ಮಿನುಗಿ ಆರಿತು. ಆನೆಯು ಮರದ ಬುಡಕ್ಕೆ ಬಂದದ್ದನ್ನು ಅವನು ಕಣ್ಣಿನಿಂದಲ್ಲ, ವಾಸನೆಯಿಂದ ತಿಳಿದನು. ಬೆಳಕು ಹರಿಯುವವರೆಗೆ ಡಬ್ಬವನ್ನೂ ಬಡಿಯದೆ ಕೊಂಬೆಯನ್ನು ತಬ್ಬಿ ಕುಳಿತಿದ್ದನು. ಮರುದಿನ ಕೊಳ್ಳೇಗಾಲಕ್ಕೆ ಬಂದು, ಆ ಆರು ಶೆಲ್ಲುಗಳನ್ನು ಜಗಲಿಯ ಮೇಲೆ ಸಾಲಾಗಿ ನಿಲ್ಲಿಸಿ, “ಶೆಲ್ಲು ಉಳೀತು ಮೇಷ್ಟ್ರೇ, ಜ್ವಾಳ ಹೋಯ್ತು” ಎಂದನು.

ಜೋಳ ಹೋದುದಕ್ಕೆ ಮೇಷ್ಟ್ರು ಅಷ್ಟಾಗಿ ನೊಂದುಕೊಳ್ಳಲಿಲ್ಲ. ಒಬ್ಬ ಮನುಷ್ಯನ ಕಣ್ಣನ್ನು ಮೂರು ಶೆಲ್ಲಿನ ಬೆಲೆಗೆ ಉಳಿತಾಯ ಮಾಡಿದೆನಲ್ಲ ಎಂಬುದು ಅವರನ್ನು ಬಹುಕಾಲ ಬಾಧಿಸಿತು. ಪಶ್ಚಾತ್ತಾಪಪಟ್ಟ ಮಿತವ್ಯಯಿಯಷ್ಟು ದುಂದುಗಾರನು ಲೋಕದಲ್ಲಿ ಮತ್ತೊಬ್ಬನಿಲ್ಲ. ಅಂದಿನಿಂದ ಎಂಟು ದಿನಕ್ಕೊಮ್ಮೆ ಹೊಸ ಶೆಲ್ಲು. ತೆಗೆದದ್ದನ್ನು, ಉರಿದಿರಲಿ ಉರಿಯದಿರಲಿ, ಕಸದ ಬುಟ್ಟಿಗೆ. ಪೇಟೆಯ ಅಂಗಡಿಯವನು ಅವರನ್ನು ಕಂಡರೆ ಎದ್ದುನಿಲ್ಲುವಂತಾಯಿತು.

ಇದನ್ನು ನೋಡುತ್ತಿದ್ದವರು ಅವರ ಸೊಸೆ, ಯಳಂದೂರಿನ ಹೆಣ್ಣುಮಗಳು. ಆಕೆ ಏನೂ ಮಾತನಾಡದೆ, ದೀಪಾವಳಿಯ ಹೊತ್ತಿನಲ್ಲಿ ಬುಟ್ಟಿಯಿಂದ ಒಂದು ಪೆನ್ಸಿಲ್ ಶೆಲ್ಲನ್ನು ತೆಗೆದು ಗೋಡೆಯ ಗಡಿಯಾರಕ್ಕೆ ಹಾಕಿದರು. ಯುಗಾದಿ ಬಂದಿತು, ಗಡಿಯಾರ ನಡೆಯುತ್ತಲೇ ಇತ್ತು. ಹಬ್ಬದ ದಿನ ಮೇಷ್ಟ್ರು ಪಂಚಾಂಗ ಹಿಡಿದು ಗಡಿಯಾರ ನೋಡಿದಾಗ, “ಮಾವ, ಅದು ನಡೆಯುತ್ತಿರುವುದು ನೀವು ಎಸೆದ ಶೆಲ್ಲಿನಿಂದ” ಎಂದರಂತೆ.

ಹಣೆದೀಪಕ್ಕೆ ಸತ್ತ ಶೆಲ್ಲು ಗಡಿಯಾರಕ್ಕೆ ಐದು ತಿಂಗಳು ಬದುಕಿದ್ದು ಹೇಗೆ? ಬಾವಿಯ ದೃಷ್ಟಾಂತದಿಂದ ಇದು ಸುಲಭವಾಗಿ ತಿಳಿಯುತ್ತದೆ. ಊಟೆ ಕುಗ್ಗಿದ ಬಾವಿಗೆ ಪಂಪು ಹಚ್ಚಿದರೆ ಕ್ಷಣದಲ್ಲಿ ತಳ ಕಾಣುತ್ತದೆ; ಬಾವಿ ಬತ್ತಿತೆಂದು ಹೇಳುತ್ತೇವೆ. ಅದೇ ಬಾವಿಯಲ್ಲಿ ಗಂಟೆಗೊಂದು ಕೊಡ ಸೇದಿದರೆ ಮನೆಗೆಲ್ಲ ಸಾಕಾಗುವಷ್ಟು ನೀರುಂಟು. ಶೆಲ್ಲು ಹಳೆಯದಾದಂತೆಲ್ಲ ಅದರೊಳಗಿನ ಪ್ರತಿರೋಧವು ಹೆಚ್ಚುತ್ತದೆ, ಅಂದರೆ ಊಟೆ ಕಿರಿದಾಗುತ್ತದೆ. ದೀಪವು ಪಂಪಿನಂತೆ ಎಳೆಯುತ್ತದೆ; ಗಡಿಯಾರವು ಹನಿಹನಿಯಾಗಿ ಸೇದುತ್ತದೆ. ಹೊಸ ಶೆಲ್ಲಿನ ಒತ್ತಡ 1.5 ವೋಲ್ಟಿನಷ್ಟು. ಬಳಸಿದ ಶೆಲ್ಲನ್ನು ಸುಮ್ಮನೆ ಅಳೆದರೆ 1.3 ತೋರಿಸಿದರೂ ಬಲ್ಬಿಗೆ ಕೊಟ್ಟೊಡನೆ ಕುಸಿದುಹೋಗಬಹುದು. ಆದುದರಿಂದ ಕೆಲಸಕ್ಕೆ ಹಚ್ಚದೆ ಮಾಡಿದ ಪರೀಕ್ಷೆ ಪರೀಕ್ಷೆಯಲ್ಲ. 1866ರಲ್ಲಿ ಫ್ರಾನ್ಸಿನ ಜಾರ್ಜ್ ಲೆಕ್ಲಾಂಶೆ ಎಂಬವನು ಸತುವು, ಮ್ಯಾಂಗನೀಸು, ನವಸಾಗರಗಳನ್ನು ಕೂಡಿಸಿ ಮಾಡಿದ ಕೋಶದ ಸಂತತಿಯೇ ಅಂಗಡಿಯ ಅಗ್ಗದ ಶೆಲ್ಲು. ಅದರ ಸತುವಿನ ಕವಚವೇ ಅದರ ಸೌದೆ. ಉರಿದಂತೆಲ್ಲ ಕವಚ ತೆಳುವಾಗಿ, ಕೊನೆಗೆ ತೂತುಬಿದ್ದು ಒಳಗಿನ ರಸ ಸೋರುವುದು ಆ ಕಾರಣದಿಂದ.

ಇಲ್ಲಿ ಒಂದು ಮಾತು ನೆನಪಾಗುತ್ತದೆ. ಕೊಳ್ಳೇಗಾಲಕ್ಕೆ ಕೂಗಳತೆಯಲ್ಲಿರುವ ಶಿವನಸಮುದ್ರದಲ್ಲಿ 1902ರಲ್ಲಿಯೇ ವಿದ್ಯುತ್ತು ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಆಗ ಕೊಳ್ಳೇಗಾಲವು ಮದರಾಸಿನವರ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರಲ್ಲಿ ಮೈಸೂರಿಗೆ ಬಂದಿತು. ಇಂದು ತಂತಿ ಊರೂರಿಗೂ ಬಂದಿದೆ. ಆದರೂ ಅಟ್ಟಣೆಯ ಮೇಲಿನವನ ಪಾಲಿಗೆ ಶಕ್ತಿಯೆಂಬುದು ಇನ್ನೂ ಡಬ್ಬಿಯಲ್ಲಿ ಎಣಿಸಿ ಒಯ್ಯತಕ್ಕ ಪದಾರ್ಥವೇ ಆಗಿದೆ.

ಯುಗಾದಿಯ ರಜಕ್ಕೆ ಬಂದಿದ್ದ ಮೊಮ್ಮಗನು ಈ ವಿವಾದದಲ್ಲಿ ಸೇರಿದನು. ಅವನು ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿ ದ್ವೀಪದ ಬಳಿ ಕಡಲೊಳಗೆ ಮುಳುಗಿ ಬಂದವನು. ಬೆನ್ನಿಗೆ ಗಾಳಿಯ ಉರುಳೆ ಕಟ್ಟಿ ಮುಳುಗುವವರ ಮಣಿಕಟ್ಟಿನಲ್ಲಿ ಗಡಿಯಾರದಂಥ ಒಂದು ಯಂತ್ರವಿರುತ್ತದೆ. ಎಷ್ಟು ಆಳ, ಎಷ್ಟು ಹೊತ್ತು, ಎಷ್ಟು ನಿಧಾನವಾಗಿ ಮೇಲೇಳಬೇಕು ಎಂಬುದನ್ನು ಅದು ಲೆಕ್ಕಹಾಕಿ ತೋರಿಸುತ್ತದೆ; ಅನೇಕ ಯಂತ್ರಗಳಲ್ಲಿ ಇರುವುದು ನಾಣ್ಯದಾಕಾರದ 3 ವೋಲ್ಟಿನ ಒಂದು ಲಿಥಿಯಂ ಶೆಲ್ಲು. ನೀರಿನೊಳಗೆ ಅದು ನಿಂತರೆ ಮುಳುಗಾಟವನ್ನು ಅಲ್ಲಿಗೇ ಮುಗಿಸಿ, ಎಚ್ಚರದಿಂದ ಮೇಲಕ್ಕೆ ಬರಬೇಕು. ಆದುದರಿಂದ ಶಕ್ತಿ ಉಳಿದಿರುವಾಗಲೇ ಶೆಲ್ಲನ್ನು ಬದಲಿಸುತ್ತಾರೆ.

“ಹಾಗಾದರೆ ನಾನು ಮಾಡುತ್ತಿರುವುದೇ ಸರಿ” ಎಂದರು ಮೇಷ್ಟ್ರು.

“ಇಲ್ಲ ತಾತ, ಅವರು ದಿನವೂ ಬದಲಿಸುವುದಿಲ್ಲ. ಮುಚ್ಚಳ ತೆಗೆದಾಗಲೆಲ್ಲ ಅದರ ರಬ್ಬರಿನ ಬಳೆಗೆ ಒಂದು ಕೂದಲು ಸಿಕ್ಕಿದರೂ ಸಾಕು, ಸಮುದ್ರ ಒಳಕ್ಕೆ ಬರುತ್ತದೆ. ಅಳತೆ ನೋಡಿ ಬದಲಿಸುತ್ತಾರೆ. ತೆಗೆದದ್ದನ್ನು ಎಸೆಯುವುದಿಲ್ಲ, ಅಡುಗೆಮನೆಯ ತಕ್ಕಡಿಗೆ ಹಾಕುತ್ತಾರೆ.”

ಬಿಳಿಗಿರಿರಂಗನ ಬೆಟ್ಟದಲ್ಲಿ ಹುಲಿಗಣತಿಗೆ ಕ್ಯಾಮರಾ ಕಟ್ಟುವವರ ಕ್ರಮವೂ ಇದಕ್ಕೆ ದೂರವಲ್ಲ. ಹುಲಿಯ ಎಡಮೈಯ ಪಟ್ಟೆ ಬಲಮೈಗಿಲ್ಲವಾದ್ದರಿಂದ ದಾರಿಯ ಎರಡು ಪಕ್ಕಕ್ಕೂ ಕ್ಯಾಮರಾ ಬೇಕು. ಒಂದರ ಶೆಲ್ಲು ಸೋತ ರಾತ್ರಿ ಹಾದುಹೋದ ಹುಲಿಯು ಅರ್ಧ ಹುಲಿಯಾಗುತ್ತದೆ. ಆ ಯಂತ್ರಕ್ಕೆ ಹೊಸ ಶೆಲ್ಲು ನ್ಯಾಯ; ಕೆಲಸ ಮುಗಿದು ಹೊರಬಂದ ಶೆಲ್ಲಿಗೆ ಇನ್ನೊಂದು ಮನೆ ಹುಡುಕುವುದೂ ನ್ಯಾಯ.

ಇದಾದ ಮೇಲೆ ಬಿಸ್ಕತ್ತಿನ ಡಬ್ಬಿಯೊಳಗೆ ರಟ್ಟಿನ ಗೋಡೆಗಳೆದ್ದು ಮೂರು ಮನೆಗಳಾದವು. ಮೊದಲನೆಯದು ಹೊಲದ ಮನೆ: ಅಲ್ಲಿ ಹೊಸವು ಮಾತ್ರ, ಕೊಂಡ ತಿಂಗಳನ್ನು ಬರೆದ ಚೀಟಿಯೊಡನೆ, ಮೊದಲು ಬಂದದ್ದು ಮೊದಲು ಹೊರಡಬೇಕು. ಹೊಲದಿಂದ ಹಿಂದಿರುಗಿದ್ದು ಎರಡನೆಯ ಮನೆಗೆ: ದೊಡ್ಡವು ಹಿತ್ತಿಲಿಗೆ ಹೋಗುವ ಬ್ಯಾಟರಿಗೂ ಹಳೆಯ ರೇಡಿಯೋವಿಗೂ, ಪೆನ್ಸಿಲ್ ಶೆಲ್ಲು ಒಳಗಿನ ಕೈದೀಪಕ್ಕೂ. ಅಲ್ಲಿ ಮಂಕಾದ ಪೆನ್ಸಿಲ್ ಶೆಲ್ಲು ಮೂರನೆಯ ಮನೆಗೆ, ಗಡಿಯಾರದ ಪಾಲಿಗೆ. ಹಿಂದೆ ಶೆಲ್ಲು ಮನೆಯಿಂದ ಹೊಲಕ್ಕೆ ಇಳಿಯುತ್ತಿತ್ತು. ಈಗ ಹೊಲದಿಂದ ಮನೆಗೆ ಇಳಿಯುತ್ತದೆ. ಖರ್ಚು ಹೆಚ್ಚಲಿಲ್ಲ, ಹರಿಯುವ ದಿಕ್ಕು ಮಾತ್ರ ತಿರುಗಿತು.

ಜೊತೆಯನ್ನು ಒಡೆಯಬಾರದೆಂಬುದು ಸೊಸೆಯವರ ಕಟ್ಟಳೆ. ಒಂದು ಬ್ಯಾಟರಿಯಲ್ಲಿ ದುಡಿದ ಮೂರನ್ನು ನೂಲಿನಿಂದ ಕಟ್ಟಿಯೇ ಇಡಬೇಕು. ಹೊಸದೆರಡರ ಜೊತೆಗೆ ಹಳೆಯದೊಂದನ್ನು ಹೂಡಿದರೆ, ಬಲವಾದವು ಸೋತದ್ದನ್ನು ವಿರುದ್ಧ ದಿಕ್ಕಿಗೆ ದೂಡುತ್ತವೆ. ಅದು ಉಬ್ಬಿ ಸೋರಿ ಬ್ಯಾಟರಿಯ ಒಡಲನ್ನೇ ತಿನ್ನುತ್ತದೆ. ಬಡಕಲು ಎತ್ತನ್ನು ಕೊಬ್ಬಿದ ಎತ್ತಿನ ಜೊತೆ ನೊಗಕ್ಕೆ ಕಟ್ಟಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೆಳೆ ಮುಗಿದ ಮೇಲೆ ಬ್ಯಾಟರಿಯ ಹೊಟ್ಟೆಯನ್ನು ಬರಿದುಮಾಡಿಡಬೇಕೆಂಬುದೂ ಆಕೆಯದೇ. ಒಲೆಯ ಮೇಲಿನ ಗೂಡಿನಲ್ಲಿದ್ದ ಡಬ್ಬಿಯು ತಂಪಾದ ಒಣ ಕೋಣೆಗೆ ಹೋಯಿತು; ಕಾವಿನಲ್ಲಿ ಶೆಲ್ಲು ಸುಮ್ಮನಿದ್ದೇ ಸವೆಯುತ್ತದೆ. ನಾಣ್ಯದ ಶೆಲ್ಲನ್ನು ಮಾತ್ರ ಬೀಗದ ಪೆಟ್ಟಿಗೆಯಲ್ಲಿಟ್ಟರು. ಮಗು ಅದನ್ನು ನುಂಗಿದರೆ ಎರಡು ಗಂಟೆಯೊಳಗೆ ಅನ್ನನಾಳ ಸುಟ್ಟುಹೋಗಬಹುದು. ಆ ವಿಷಯದಲ್ಲಿ ಮಿತವ್ಯಯದ ಮಾತೇ ಇಲ್ಲ.

ಚಾರ್ಜು ಮಾಡುವ ದೀಪ ತಂದರೆ ಈ ಸಂಸಾರವೇ ಬೇಡವಲ್ಲ ಎಂದು ಮೊಮ್ಮಗನೇ ಒಂದನ್ನು ತಂದುಕೊಟ್ಟನು. ಒಳ್ಳೆಯ ದೀಪ, ನೂರಾರು ಸಲ ತುಂಬಬಹುದು. ಕಾವಲುಗಾರನು ಅದನ್ನು ಒಪ್ಪಿದನು, ಆದರೆ ಹಳೆಯ ಬ್ಯಾಟರಿಯನ್ನು ಹಿಂದಕ್ಕೆ ಕೊಡಲಿಲ್ಲ. ಹಳೆಯ ಬಲ್ಬು ಸಾಯುವ ಮುನ್ನ ಕೆಂಪಗಾಗಿ ಹೇಳಿಹೋಗುತ್ತಿತ್ತು. ಹೊಸದು ಕೊನೆಯವರೆಗೂ ಬೆಳ್ಳಗೆ ಉರಿದು ಹೇಳದೆ ಕೇಳದೆ ಆರುತ್ತದೆ ಎಂಬುದು ಅವನ ಆಕ್ಷೇಪ. ಅದು ಸುಳ್ಳಲ್ಲ.

ಪೂರ್ತಿ ಸತ್ತ ಶೆಲ್ಲಿನದು ಬೇರೆ ಕಥೆ. ಹಿಂದೆ ಹುಡುಗರು ಅದನ್ನು ಕಲ್ಲಿನಿಂದ ಜಜ್ಜಿ, ಒಳಗಿನ ಕರಿಯ ಕಡ್ಡಿಯಿಂದ ಗೋಡೆಯ ಮೇಲೆ ಬರೆಯುತ್ತಿದ್ದರು. ಉಳಿದದ್ದು ತಿಪ್ಪೆಗೆ, ತಿಪ್ಪೆಯಿಂದ ಹೊಲಕ್ಕೆ. 2001ರ ನಿಯಮಗಳು ಸೀಸದ ಬ್ಯಾಟರಿಗೆ ಮಾತ್ರ ಅನ್ವಯಿಸುತ್ತಿದ್ದವು; 2022ರ ನಿಯಮಗಳು ಸಣ್ಣ ಶೆಲ್ಲನ್ನೂ ಒಳಗೊಂಡು, ಮರಳಿ ಸಂಗ್ರಹಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿದವು. ಮೇಷ್ಟ್ರ ಮನೆಯಲ್ಲಿ ಸತ್ತವು ಒಂದು ಉಪ್ಪಿನಕಾಯಿ ಜಾಡಿಯಲ್ಲಿ ಕೂಡುತ್ತಿವೆ. ಯಾರಾದರೂ ಬೆಂಗಳೂರಿಗೆ ಹೊರಟರೆ ಅವರ ಚೀಲ ಭಾರವಾಗುತ್ತದೆ.

ಕಳೆದ ಕೊಯ್ಲು ಮುಗಿದ ಮೇಲೆ ಕಾವಲುಗಾರನು ಲೆಕ್ಕ ಒಪ್ಪಿಸಲು ಬಂದನು. ನೂಲಿನಲ್ಲಿ ಕಟ್ಟಿದ ಮೂರು ದೊಡ್ಡ ಶೆಲ್ಲು ಸರಿಯಾಗಿದ್ದವು. ಹಣೆದೀಪದ ಮೂರರಲ್ಲಿ ಎರಡು ಮಾತ್ರ ಇದ್ದವು. ಸೊಸೆಯವರು ಮೂರನೆಯದನ್ನು ಕೇಳಿದರು.

“ಮೊಮ್ಮಗಳ ಗೊಂಬೆಗೆ ಹಾಕ್ದೆ ಕಣವ್ವ,” ಎಂದನು ಅವನು. “ಇನ್ನೂ ಕುಣೀತದ.”

ಸೊಸೆಯವರು ಉಳಿದ ಎರಡನ್ನು ನೂಲಿನಿಂದ ಬಿಡಿಸಿ ಗಡಿಯಾರದ ಮನೆಗೆ ಹಾಕಿದರು.