ಲೀಟರಿಗೆ ಹನ್ನೆರಡು

ನಮ್ಮ ಊರು ಅರಸೀಕೆರೆ ಎಂದೊಡನೆ ಕೇಳಿದವರು, "ಓಹೋ, ರೈಲು ಜಂಕ್ಷನ್ನು!" ಎನ್ನುತ್ತಾರೆ. ಅದು ಹಾಸನ ಜಿಲ್ಲೆಯ ಅರಸೀಕೆರೆ. ನಮ್ಮದು ಹರಪನಹಳ್ಳಿ ತಾಲ್ಲೂಕಿನದು. ನಮಗೆ ಜಂಕ್ಷನ್ನಿನ ಭಾಗ್ಯವಿಲ್ಲ. ಆದರೂ ಪ್ರಯಾಣದ ಮಾತಿನಲ್ಲಿ ನಮ್ಮ ಊರು ಯಾರಿಗೂ ಕಡಿಮೆಯದಲ್ಲ. ನಾನು ಹುಡುಗನಾಗಿದ್ದಾಗ ಅದು ಬಳ್ಳಾರಿ ಜಿಲ್ಲೆಯಲ್ಲಿತ್ತು. ೧೯೯೭ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು. ೨೦೧೮ರಲ್ಲಿ ಬಳ್ಳಾರಿಗೆ ಮರಳಿತು. ೨೦೨೧ರಲ್ಲಿ ವಿಜಯನಗರ ಜಿಲ್ಲೆಯನ್ನು ಸೇರಿತು. ಒಂದು ತೊಟ್ಟು ಪೆಟ್ರೋಲು ಸುಡದೆ ಇಷ್ಟು ತಿರುಗಿದ ಊರು ಮತ್ತೊಂದಿರಲಾರದು. ಈ ಮಿತವ್ಯಯವನ್ನು ಕಂಡಿದ್ದರೆ ನಮ್ಮ ತಂದೆಯವರು ಬಹಳ ಮೆಚ್ಚಿಕೊಳ್ಳುತ್ತಿದ್ದರು.

ತಂದೆಯವರದು ಶೇಂಗಾ ವ್ಯಾಪಾರ. ದಾವಣಗೆರೆಯ ಮಂಡಿಗೆ ವಾರಕ್ಕೊಮ್ಮೆಯಾದರೂ ಹೋಗಿಬರಬೇಕಾಗಿದ್ದುದರಿಂದ ಅವರೊಂದು ಫಿಯಟ್ ಕಾರನ್ನು ಕೊಂಡಿದ್ದರು. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪೆನಿಯವರು ತಯಾರಿಸುತ್ತಿದ್ದ ಸಾವಿರದ ನೂರರ ಮಾದರಿ ಅದು. ಪದ್ಮಿನಿ ಎಂಬ ಚೆಲುವಾದ ಹೆಸರು ಆ ವಂಶಕ್ಕೆ ಬಂದದ್ದು ಆಮೇಲೆ. ನಮ್ಮ ಮನೆಗೆ ಬರುವ ಹೊತ್ತಿಗೆ ಅದು ಇಬ್ಬರು ಯಜಮಾನರನ್ನು ಕಂಡಿತ್ತು. ಬಣ್ಣ ಬೂದಿಯೋ ನೀಲಿಯೋ ಎಂಬ ವಿಷಯದಲ್ಲಿ ಮನೆಯವರಲ್ಲಿ ಒಮ್ಮತವಿರಲಿಲ್ಲ. ಪೆಟ್ರೋಲಿನ ಮಟ್ಟ ತೋರಿಸುವ ಮುಳ್ಳು ಅರ್ಧಕ್ಕೆ ಬಂದು ನಿಂತದ್ದು ಮತ್ತೆ ಅಲುಗಲಿಲ್ಲ. ಟ್ಯಾಂಕು ತುಂಬಿದ್ದರೂ ಅರ್ಧ, ಒಣಗಿದ್ದರೂ ಅರ್ಧ. ಸುಖದುಃಖಗಳನ್ನು ಸಮನಾಗಿ ಕಂಡ ಆ ಮುಳ್ಳನ್ನು ನಮ್ಮ ತಾಯಿ ಸ್ಥಿತಪ್ರಜ್ಞ ಎಂದು ಕರೆಯುತ್ತಿದ್ದರು.

ಮುಳ್ಳಿನ ಕೆಲಸವನ್ನು ತಂದೆಯವರ ನೋಟುಬುಕ್ಕು ಮಾಡುತ್ತಿತ್ತು. ದಾವಣಗೆರೆಯ ಬಂಕಿನಲ್ಲಿ ಕಂಠಪೂರ್ತಿ ಪೆಟ್ರೋಲು ಹಾಕಿಸುವುದು, ಮೀಟರಿನ ಅಂಕಿ ಬರೆಯುವುದು. ಮತ್ತೊಮ್ಮೆ ತುಂಬಿಸಿದಾಗ ಎಷ್ಟು ಹಿಡಿಯಿತು, ಎಷ್ಟು ದೂರ ಓಡಿತು ಎಂದು ನೋಡಿ ಭಾಗಿಸುವುದು. ಗ್ಯಾಲನ್ನಿನ ಕಾಲದವರಾದ ಅವರು ಮೊದಲು ಮೈಲಿಯಲ್ಲಿ ಲೆಕ್ಕ ಹಾಕಿ ಆಮೇಲೆ ಅದನ್ನು ಹೊಸ ಅಳತೆಗೆ ತರುತ್ತಿದ್ದರು. ಗ್ಯಾಲನ್ನಿಗೆ ೩೪ ಮೈಲಿ ಎಂದರೆ ಲೀಟರಿಗೆ ೧೨ ಕಿಲೋಮೀಟರು. ಈ ಹನ್ನೆರಡು ನಮ್ಮ ಮನೆಯಲ್ಲಿ ಮಗ್ಗಿಯ ಹಾಗೆ ಎಲ್ಲರ ಬಾಯಲ್ಲೂ ಇತ್ತು.

ಆ ಹನ್ನೆರಡನ್ನು ಉಳಿಸಿಕೊಳ್ಳಲು ಅವರು ಪಡುತ್ತಿದ್ದ ಪಾಡು ಅಷ್ಟಿಷ್ಟಲ್ಲ. ಹದಿನೈದು ದಿನಕ್ಕೊಮ್ಮೆ ಪ್ಲಗ್ಗುಗಳನ್ನು ಬಿಚ್ಚಿ ಮಸಿ ಕೆರೆದು, ಕಿಡಿ ಹಾರುವ ಸಂದನ್ನು ಸರಿಪಡಿಸುತ್ತಿದ್ದರು. ಗಾಳಿಯ ಜಾಲರಿಯನ್ನು ಕೊಡವುತ್ತಿದ್ದರು. ಗಾಳಿ ಕಟ್ಟಿದರೆ ಎಂಜಿನ್ನು ಪೆಟ್ರೋಲನ್ನೇ ಹೆಚ್ಚು ಕುಡಿಯುತ್ತದೆ. ಬೆಳಿಗ್ಗೆ ಎಳೆದ ಚೋಕನ್ನು ಊರ ಬಾಗಿಲು ದಾಟುವುದರೊಳಗೆ ಒಳಕ್ಕೆ ತಳ್ಳಲೇಬೇಕು. ಟೈರಿನಲ್ಲಿ ಗಾಳಿ ಕಡಿಮೆಯಿರಬಾರದು, ಗಾಡಿಯಲ್ಲಿ ಬೇಡದ ಭಾರ ಇರಬಾರದು, ವೇಗ ಗಂಟೆಗೆ ೪೫ ಕಿಲೋಮೀಟರನ್ನು ದಾಟಬಾರದು. ವೇಗ ಎರಡರಷ್ಟಾದರೆ ಎದುರು ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ ಎಂಬುದನ್ನು ಅವರು ಯಾವ ಶಾಲೆಯಲ್ಲಿಯೂ ಕಲಿತವರಲ್ಲ; ನೋಟುಬುಕ್ಕಿನಿಂದ ಕಲಿತಿದ್ದರು. ಇಳಿಜಾರು ಬಂದರೆ ಗೇರು ತೆಗೆದು, ಎಷ್ಟೋ ಸಲ ಎಂಜಿನ್ನನ್ನೇ ಆರಿಸಿ, ಗಾಡಿಯನ್ನು ತನ್ನ ಪಾಡಿಗೆ ಉರುಳಲು ಬಿಡುತ್ತಿದ್ದರು. ಎತ್ತಿನ ಗಾಡಿಯವರು ನಮ್ಮನ್ನು ಹಿಂದೆ ಹಾಕುವ ಪ್ರಸಂಗ ಬಂದರೂ ಅವರಿಗೆ ನಾಚಿಕೆಯಿರಲಿಲ್ಲ. ಹಿಂದೆ ಕುಳಿತ ನಮಗೆ ಇತ್ತು.

ಅದರ ಮೇಲೆ ೧೯೭೩ ಬಂತು. ಅಕ್ಟೋಬರಿನಲ್ಲಿ ಅರಬ್ಬರಿಗೂ ಇಸ್ರೇಲಿಗೂ ಯುದ್ಧವಾಗಿ ಎಣ್ಣೆಯ ಬೆಲೆ ಜಗತ್ತಿನಲ್ಲೆಲ್ಲ ಗಗನಕ್ಕೇರಿತು. ನವೆಂಬರಿನಲ್ಲಿ ವಾಜಪೇಯಿಯವರು ಎತ್ತಿನ ಗಾಡಿಯಲ್ಲಿ ಕುಳಿತು ಸಂಸತ್ತಿಗೆ ಹೋದರು. ಪತ್ರಿಕೆಯಲ್ಲಿ ಆ ಸುದ್ದಿಯನ್ನು ಓದಿದ ನಮ್ಮ ತಂದೆ, "ಕೊನೆಗೂ ದಿಲ್ಲಿಯವರಿಗೆ ಬುದ್ಧಿ ಬಂತು" ಎಂದರು.

ಇಷ್ಟೆಲ್ಲ ಉಳಿಸಿ ಅವರು ಮಾಡುತ್ತಿದ್ದುದೇನು? ಇದು ನಮಗೆ ತಿಳಿಯದ ಸಂಗತಿಯೇನೂ ಆಗಿರಲಿಲ್ಲ. ತಿಳಿದೂ ಗಮನಿಸದ ಸಂಗತಿಯಾಗಿತ್ತು. ನೋಟುಬುಕ್ಕಿನ ಮೊದಲ ಪುಟದಲ್ಲಿ ಅವರು ಬರೆದಿದ್ದರು: "ದಾವಣಗೆರೆಗೆ ಮೂರು. ಕೆಟ್ಟ ರಸ್ತೆಗೆ ಒಂದು. ದೇವರಿಗೆ ಒಂದು." ಯಾವ ಹೊತ್ತಿನಲ್ಲಿಯೂ ಈ ಐದು ಲೀಟರು ಟ್ಯಾಂಕಿನಲ್ಲಿ ಇರಲೇಬೇಕು. ಊರಿನಲ್ಲಿದ್ದುದು ಒಂದೇ ಕಾರು. ಬಸುರಿಗೆ ನೋವು ಬಂದರೆ, ಮಗುವಿಗೆ ಸೆಳವು ಬಂದರೆ, ರಾತ್ರಿ ಜನ ಬಂದು ತಟ್ಟುತ್ತಿದ್ದುದು ನಮ್ಮ ಮನೆಯ ಬಾಗಿಲನ್ನೇ. ಅಂಥ ಪ್ರಯಾಣಗಳಿಗೆ ಅವರು ಯಾರಿಂದಲೂ ಕಾಸು ಪಡೆದದ್ದನ್ನು ನಾನು ಕಾಣೆ. ನೋಟುಬುಕ್ಕಿನಲ್ಲಿ ಅವು "ದೇವರು" ಎಂಬ ಲೆಕ್ಕಕ್ಕೆ ಸೇರುತ್ತಿದ್ದವು.

೧೯೭೪ರ ಮಾಘದಲ್ಲಿ ಕೊಟ್ಟೂರೇಶ್ವರನ ತೇರು. ನನಗೆ ಆಗ ಹತ್ತೊಂಬತ್ತು ವರ್ಷ, ಕಾಲೇಜಿಗೆ ರಜೆಯಿತ್ತು. ತಂದೆ ವ್ಯಾಪಾರದ ಕೆಲಸಕ್ಕೆ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿದ್ದರು. ಗೆಳೆಯರು ಐದು ಮಂದಿ ನನ್ನನ್ನು ಸುತ್ತುವರಿದು, ಮನೆಯಲ್ಲಿ ಕಾರಿಟ್ಟುಕೊಂಡು ಬಸ್ಸಿನ ಮೇಲೆ ಕುಳಿತು ಜಾತ್ರೆಗೆ ಹೋಗುವವರು ಉಂಟೇ ಎಂದರು. ಹೋಗಿಬರಲು ಹೆಚ್ಚುಕಡಿಮೆ ೮೦ ಕಿಲೋಮೀಟರು. ನಾನೂ ಆ ತಂದೆಯ ಮಗನೇ, ಲೆಕ್ಕ ಹಾಕಿದೆ. ನೋಟುಬುಕ್ಕಿನಂತೆ ಟ್ಯಾಂಕಿನಲ್ಲಿ ಎಂಟು ಲೀಟರಿತ್ತು. ಹನ್ನೆರಡರಿಂದ ಭಾಗಿಸಿದರೆ ಏಳು ಲೀಟರಿನೊಳಗೆ ಪ್ರಯಾಣ ಮುಗಿಯಬೇಕು. ಆರು ಮಂದಿ ಹಣ ಕೂಡಿಸಿ ಐದು ಲೀಟರು ಹಾಕಿಸಿದೆವು. ಮನೆಗೆ ಬರುವಾಗ ಆರು ಲೀಟರು ಉಳಿದಿರುತ್ತದೆ. ದಾವಣಗೆರೆಗೂ ಕೆಟ್ಟ ರಸ್ತೆಗೂ ದೇವರಿಗೂ ಸಾಲದೆ ಬರುವುದಿಲ್ಲ. ಉಳಿದದ್ದು ಮೀಟರಿನ ಅಂಕಿ. ಅದನ್ನು ತಂದೆಯವರು ನೋಡದೆ ಇರುವವರಲ್ಲ. ಒಬ್ಬ ಗೆಳೆಯನಿಗೆ ಟ್ಯಾಕ್ಸಿಯವರ ವಿದ್ಯೆ ಗೊತ್ತಿತ್ತು. ಮೀಟರಿನ ಹಿಂದಿನ ಕೇಬಲ್ಲನ್ನು ಬಿಚ್ಚಿದ. ಗಾಡಿ ಕೊಟ್ಟೂರಿಗೆ ಹೋಗಿಬಂದರೂ ಮೀಟರು ಮನೆಯಲ್ಲಿಯೇ ಕುಳಿತಿತ್ತು.

ಜಾತ್ರೆ ಚೆನ್ನಾಗಿತ್ತು. ಆದರೆ ಹನ್ನೆರಡು ಎಂಬ ಅಂಕಿ ಗಾಡಿಯ ಹುಟ್ಟುಗುಣವಲ್ಲ, ಓಡಿಸುವವನ ಗುಣ ಎಂಬುದು ನನಗೆ ತಿಳಿದಿರಲಿಲ್ಲ. ಆರು ಮಂದಿಯ ಭಾರ. ಹುಡುಗರ ಕೇಕೆಗೆ ತಕ್ಕ ವೇಗ. ಕೊಟ್ಟೂರಿನ ಹತ್ತಿರ ಜನಜಂಗುಳಿಯಲ್ಲಿ ಒಂದು ಗಂಟೆ ಮೊದಲ ಗೇರಿನ ತೆವಳಾಟ. ಸಾಲದ್ದಕ್ಕೆ ಅರ್ಧ ಎಳೆದೇ ಬಿಟ್ಟ ಚೋಕು. ಆ ದಿನ ಗಾಡಿ ಕೊಟ್ಟದ್ದು ಹನ್ನೆರಡಲ್ಲ, ಎಂಟು. ಏಳಲ್ಲ, ಹತ್ತು ಲೀಟರು ಉರಿದಿತ್ತು. ಆರು ಉಳಿಯಬೇಕಾದಲ್ಲಿ ಮೂರು ಉಳಿದಿತ್ತು. ಸ್ಥಿತಪ್ರಜ್ಞ ಮುಳ್ಳು ಅರ್ಧವನ್ನೇ ತೋರಿಸುತ್ತಿತ್ತು.

ಮರುದಿನ ಸಂಜೆ ತಂದೆ ಬಂದರು. ಅಂದಿನ ರಾತ್ರಿಯೇ ಬಾಗಿಲು ಸದ್ದಾಯಿತು. ಜೋಳದ ಕಣ ಕಾಯುತ್ತಿದ್ದ ಒಬ್ಬ ಯುವಕನ ಪಾದಕ್ಕೆ ಕೊಳಕುಮಂಡಲ ಕಚ್ಚಿತ್ತು. ಹೊರಸಿನ ಮೇಲೆ ಹೊತ್ತು ತಂದಿದ್ದರು. ಮಂತ್ರ ಹಾಕಿಸೋಣವೆಂದ ಹಿರಿಯರಿಗೆ ತಂದೆ, "ಮಂತ್ರ ದಾರ್ಯಾಗ ಹೇಳ್ಕೋಳ್ರಿ, ಮದ್ದು ದಾವಣಗೆರ್ಯಾಗ ಐತಿ" ಎಂದು ಅವನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದರು. ನೋಟುಬುಕ್ಕು ತೆರೆದರು. ಎಂಟು ಲೀಟರು. ಧೈರ್ಯವಾಗಿ ಹೊರಟರು. ನಾನು ಹಿಂದೆ ಕುಳಿತು ಅವನ ಕಾಲು ಹಿಡಿದುಕೊಂಡಿದ್ದೆ. ಆರು ಲೀಟರಿದೆಯಲ್ಲ, ಹೇಳಿ ಮಾಡುವುದೇನು ಎಂದು ನಾನು ಸುಮ್ಮನಿದ್ದೆ. ನಲವತ್ತೈದನ್ನು ದಾಟದ ತಂದೆ ಅಂದು ಮೊದಲ ಸಲ ಎಪ್ಪತ್ತರಲ್ಲಿ ಓಡಿಸಿದರು.

ದಾವಣಗೆರೆ ಇನ್ನೂ ಎರಡು ಹರದಾರಿ ಇದೆಯೆನ್ನುವಾಗ ಎಂಜಿನ್ನು ಎರಡು ಸಲ ಕೆಮ್ಮಿ ನಿಂತಿತು.

ತಂದೆ ಇಳಿದು ಗಾಡಿಯನ್ನು ಹಿಂದಿನಿಂದ ಅಲುಗಿಸಿ ಕಿವಿಗೊಟ್ಟರು. ಟ್ಯಾಂಕಿನಲ್ಲಿ ಸದ್ದಿರಲಿಲ್ಲ. ಬ್ಯಾಟರಿಯ ಬೆಳಕಿನಲ್ಲಿ ನೋಟುಬುಕ್ಕನ್ನು ನೋಡಿದರು, ಮೀಟರನ್ನು ನೋಡಿದರು, ಮತ್ತೆ ನೋಟುಬುಕ್ಕನ್ನು ನೋಡಿದರು. ಅಷ್ಟು ವರ್ಷ ತಪ್ಪದ ಲೆಕ್ಕ ಅಂದು ಎಲ್ಲಿ ತಪ್ಪಿತೆಂದು ಅವರು ತಮ್ಮ ಬರಹದಲ್ಲಿಯೇ ಹುಡುಕುತ್ತಿದ್ದರು. ಅದನ್ನು ನೋಡಲಾಗದೆ ನಾನು ಬಾಯಿಬಿಟ್ಟೆ. ಅವರು ಒಂದು ಮಾತನ್ನೂ ಆಡದೆ ರಸ್ತೆಯ ನಡುವೆ ಹೋಗಿ ನಿಂತು ಬ್ಯಾಟರಿಯನ್ನು ಬೀಸತೊಡಗಿದರು. ಹತ್ತಿ ಹೇರಿದ ಒಂದು ಲಾರಿ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಆ ಮುಕ್ಕಾಲು ಗಂಟೆಯಲ್ಲಿ ನನ್ನ ಕೈಯಲ್ಲಿದ್ದ ಕಾಲು ಊದುತ್ತಾ ಹೋದದ್ದನ್ನು ನನ್ನ ಅಂಗೈ ಇನ್ನೂ ಮರೆತಿಲ್ಲ.

ಅವನು ಉಳಿದುಕೊಂಡ. ಆದರೆ ಪಾದದ ಮಾಂಸ ಕೊಳೆತು ಮೂರು ಬೆರಳುಗಳನ್ನು ತೆಗೆಯಬೇಕಾಯಿತು. ತಡವಾದದ್ದರಿಂದಲೇ ಹೀಗಾಯಿತೆಂದು ವೈದ್ಯರು ಹೇಳಲಿಲ್ಲ. ತಡದಿಂದಲ್ಲ ಎಂದೂ ಹೇಳಲಿಲ್ಲ.

ಮೂರನೆಯ ದಿನ ತಂದೆ ನೋಟುಬುಕ್ಕನ್ನೂ ಪೆನ್ಸಿಲನ್ನೂ ನನ್ನ ಮುಂದಿಟ್ಟು, "ಬರಿ" ಎಂದರು. ಏನು ಬರೆಯಬೇಕೆಂದು ಹೇಳಲಿಲ್ಲ. ನಾನು ಬರೆದೆ: "ಕೊಟ್ಟೂರು. ೮೦ ಕಿ.ಮೀ. ೧೦ ಲೀಟರು." ಅವರು ಓದಿ, ಪಕ್ಕದಲ್ಲಿ "೮" ಎಂದು ಭಾಗಿಸಿ ಬರೆದು, ಪುಸ್ತಕವನ್ನು ಮುಚ್ಚಿದರು. ಬೈಗುಳವೂ ಇಲ್ಲ, ಉಪದೇಶವೂ ಇಲ್ಲ. ಆದರೆ ಅಂದಿನಿಂದ ನೋಟುಬುಕ್ಕು ಬರೆಯುವ ಕೆಲಸ ನನ್ನದಾಯಿತು. ಆಗ ಅದು ಶಿಕ್ಷೆಯೆಂದುಕೊಂಡಿದ್ದೆ. ನಂಬಿಕೆ ಕೆಡಿಸಿದವನ ಕೈಯಲ್ಲಿಯೇ ಮತ್ತೆ ಲೆಕ್ಕ ಕೊಡುವುದಕ್ಕೆ ಎಂಥ ಮನಸ್ಸು ಬೇಕೆಂದು ತಿಳಿದದ್ದು ನಾನೂ ತಂದೆಯಾದ ಮೇಲೆ.

ಈಗ ನನಗೆ ಎಪ್ಪತ್ತು ತುಂಬಿದೆ. ಆ ಫಿಯಟ್ಟು ಗುಜರಿಗೆ ಹೋಗಿ ಬಹಳ ಕಾಲವಾಯಿತು. ಅದರ ಜೊತೆಗಾರ ಅಂಬಾಸಡರಿನ ತಯಾರಿಕೆಯೂ ೨೦೧೪ರಲ್ಲಿ ನಿಂತಿತು. ಮಗನ ಹೊಸ ಕಾರು ಇನ್ನು ಎಷ್ಟು ದೂರ ಓಡಬಲ್ಲೆನೆಂಬುದನ್ನು ತಾನೇ ಲೆಕ್ಕ ಹಾಕಿ ಕಣ್ಣೆದುರಿಗೆ ಬರೆಯುತ್ತದೆ. ನಾನು ಹಳೆಯ ಅಭ್ಯಾಸದಂತೆ ಇಳಿಜಾರಿನಲ್ಲಿ ಗೇರು ತೆಗೆಯಹೋದರೆ ಮಗ ತಡೆಯುತ್ತಾನೆ. ಈಗಿನ ಎಂಜಿನ್ನುಗಳು ಗೇರಿನಲ್ಲಿದ್ದು ಕಾಲು ತೆಗೆದರೆ ಪೆಟ್ರೋಲನ್ನು ಪೂರ್ತಿ ನಿಲ್ಲಿಸುತ್ತವಂತೆ. ಗೇರು ತೆಗೆದರೇ ಖರ್ಚು. ಎಂಜಿನ್ನು ಆರಿಸಿದರಂತೂ ಬ್ರೇಕು ಕಲ್ಲಿನಂತಾಗುತ್ತದೆ. ತಂದೆಯವರ ವಿದ್ಯೆ ತಲೆಕೆಳಗಾಗಿದೆ. ಆದರೆ ಆ ಪರದೆಯ ಅಂಕಿಯನ್ನು ನಾನು ಗಮನಿಸಿ ನೋಡಿದ್ದೇನೆ. ನಿಧಾನವಾಗಿ ಹೋದರೆ ಅದು ಏರುತ್ತದೆ, ಅವಸರಪಟ್ಟರೆ ಇಳಿಯುತ್ತದೆ. ನಿನ್ನೆ ಓಡಿಸಿದಂತೆಯೇ ನಾಳೆಯೂ ಓಡಿಸುವಿರೆಂದು ನಂಬಿ ಅದು ಹೇಳುವ ಮಾತು ಅದು. ಅದೂ ಒಂದು ನೋಟುಬುಕ್ಕೇ.

ವರ್ಷಕ್ಕೊಮ್ಮೆ ಊರಿಗೆ ಹೋದಾಗ ಆತ ಕೋಲೂರಿಕೊಂಡು ನಮ್ಮ ಕಟ್ಟೆಗೆ ಬರುತ್ತಾನೆ. ಊರಿಗೆ ಈಗ ಹತ್ತಾರು ಕಾರುಗಳಿವೆ. ೨೦೦೮ರಿಂದ ನೂರೆಂಟಕ್ಕೆ ಫೋನು ಮಾಡಿದರೆ ಆಂಬ್ಯುಲೆನ್ಸೂ ಬರುತ್ತದೆ. ಆದರೂ ಆತ ಮಗನ ಕಾರನ್ನು ಒಮ್ಮೆ ಸುತ್ತಿ ನೋಡಿ, ಬಾಯಗಲಿಸಿ ನಗುತ್ತಾ, ಪ್ರತಿ ಸಲವೂ ಅದೇ ಪ್ರಶ್ನೆಯನ್ನು ಕೇಳುತ್ತಾನೆ: "ಸಣ್ ಧಣೀ, ಗಾಡ್ಯಾಗ ಎಣ್ಣಿ ಐತೇನ್ರಿ?"

ಆತನದು ಬರೀ ತಮಾಷೆ. ಮನಸ್ಸಿನಲ್ಲಿ ಎಳ್ಳಷ್ಟೂ ಕಹಿಯಿಲ್ಲ. ನಾನೂ ನಗುತ್ತಾ "ಐತಪ್ಪಾ" ಎನ್ನುತ್ತೇನೆ. ಹಾಗೆ ಹೇಳುವಾಗ ಸುಳ್ಳಾಗಬಾರದೆಂದು, ಊರಿಗೆ ಹೊರಡುವ ಮುನ್ನ ಟ್ಯಾಂಕನ್ನು ಕಂಠಪೂರ್ತಿ ತುಂಬಿಸಿಕೊಂಡೇ ಹೋಗುತ್ತೇನೆ.