ಅಪ್ಪ, ಗಾಲ್ಫು ಮತ್ತು ಕುಂಟಿ ಕುಡ

ಮೊದಲೇ ಹೇಳಿಬಿಡ್ತೀನಿ, ಇದು ಗಾಲ್ಫ್ ಬಗ್ಗೆ ಬರಹ. ಜೇವರ್ಗಿ ತಾಲ್ಲೂಕಿನ ಹಳ್ಳಿಯಲ್ಲಿ ತೊಗರಿ ಹೊಲದ ಬದುವಿನ ಮೇಲೆ ಬೆಳೆದವನಿಗೆ ಗಾಲ್ಫ್ ಯಾಕೆ ಬೇಕಿತ್ತು ಅಂತ ನೀವು ಕೇಳಬಹುದು. ಅಮ್ಮ ಕೇಳಿದ್ದಾಳೆ, ಅಕ್ಕ ಕೇಳಿದ್ದಾಳೆ, ಸೋಲಾಪುರ ಗಾಡಿಯಲ್ಲಿ ಎದುರು ಸೀಟಿನ ಯಜಮಾನರೊಬ್ಬರೂ ಕೇಳಿದ್ದಾರೆ (ಚಾದರದಲ್ಲಿ ಸುತ್ತಿದ್ದ ನನ್ನ ಮೂರು ಕೋಲುಗಳನ್ನ ನೋಡಿ ಅವರು ಮೊದಲು ಬಂದೂಕು ಅಂದ್ಕೊಂಡಿದ್ರು). ಉತ್ತರ ಅಂಥ ದೊಡ್ಡದೇನಲ್ಲ. ಬೆಂಗಳೂರಲ್ಲಿ ನಮ್ಮ ಟೀಮನ್ನ ಮ್ಯಾನೇಜರು ಒಂದು ಶನಿವಾರ ಡ್ರೈವಿಂಗ್ ರೇಂಜಿಗೆ ಕರ್ಕೊಂಡು ಹೋದ್ರು. ಒಂದು ಬುಟ್ಟಿ ಚೆಂಡು ಕೊಟ್ರು. ನಲವತ್ತು ಹೊಡೆತ ಗಾಳಿಗೆ, ನೆಲಕ್ಕೆ ಹೋದ ಮೇಲೆ ನಲವತ್ತೊಂದನೆಯದು ಸರಿಯಾಗಿ ತಾಕಿ ಟಕ್ ಅಂತ ಹಾರಿಹೋಯ್ತು ನೋಡಿ. ಆ ಶಬ್ದಕ್ಕೆ ನಾನು ಹಾಳಾದೆ.

ಅದಕ್ಕೂ ಮುಂಚೆ ನನಗೆ ಗಾಲ್ಫ್ ಅಂದ್ರೆ ಅದಿತಿ ಅಶೋಕ್ ಅಷ್ಟೇ. 2021ರ ಆಗಸ್ಟ್‌ನಲ್ಲಿ, ಒಂದು ವರ್ಷ ತಡವಾಗಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಹುಡುಗಿ ಒಂದೇ ಒಂದು ಹೊಡೆತದಲ್ಲಿ ಪದಕ ತಪ್ಪಿಸ್ಕೊಂಡು ನಾಲ್ಕನೆಯವಳಾದ ಬೆಳಿಗ್ಗೆ ನೆನಪಿದೆಯಲ್ಲ? ಬೋಗಿ, ಬರ್ಡಿ ಏನೂ ಗೊತ್ತಿಲ್ಲದೆ ನಾವೆಲ್ಲ ಟಿವಿ ಮುಂದೆ ಕೂತಿದ್ವಿ. ಆಮೇಲೆ ಗೊತ್ತಾಗಿದ್ದು, ದೂರ ಹೊಡೆಯೋದರಲ್ಲಿ ಆಕೆ ಆ ವಾರ ಹಿಂದಿನ ಸಾಲಿನವಳು. ಆಕೆಯನ್ನ ಅಲ್ಲಿವರೆಗೆ ತಂದದ್ದು ಹಸಿರಿನ ಹತ್ತಿರದ ಆಟ, ಪಟ್ಟಿಂಗು. ಆ ಹತ್ತಿರದ ಆಟಕ್ಕೆ, ಅಂದರೆ ನೂರು ಗಜದ ಒಳಗಿನ ಆಟಕ್ಕೆ ಬೇಕಾಗೋ ಕೋಲುಗಳೇ ವೆಜ್. ಕನ್ನಡದಲ್ಲಿ ಬೆಣೆ ಅನ್ನಿ. ನಾನು ದುಡ್ಡು ಕಳ್ಕೊಂಡಿದ್ದು ಈ ಬೆಣೆಗಳಲ್ಲೇ.

2023ರ ಜನವರಿಯಲ್ಲಿ ಮೂರು ವೆಜ್ ತಗೊಂಡೆ. 52, 56, 60 ಡಿಗ್ರಿ. ಮೂರಕ್ಕೂ ಸೇರಿ 42 ಸಾವಿರ, ಇಎಂಐ ಮೇಲೆ. ಮ್ಯಾನೇಜರ್ ಹತ್ರ ಇದ್ದಿದ್ದು ಅದೇ ಮೂರು, ಅದೇ ಕಂಪನಿ. ಅವರು ಹಸಿರಿನ ಪಕ್ಕದಿಂದ 60 ಡಿಗ್ರಿಯಲ್ಲಿ ಚೆಂಡನ್ನ ಮೇಲಕ್ಕೆ ಎತ್ತಿ ಹಂಗೇ ಹೂವಿನ ಥರ ಇಳಿಸ್ತಿದ್ರು. ಅದನ್ನ ನೋಡಿದ ಮೇಲೆ ಬೇರೆ ಏನು ಕೇಳೋದು?

ಇಲ್ಲಿ ಸ್ವಲ್ಪ ತಾಂತ್ರಿಕ ವಿಷಯ ಹೇಳಬೇಕು, ಬೇಜಾರು ಮಾಡ್ಕೋಬೇಡಿ. ಕೋಲಿನ ಮುಖ ಎಷ್ಟು ಹಿಂದಕ್ಕೆ ವಾಲಿದೆ ಅನ್ನೋದು ಲಾಫ್ಟ್. ವಾಲಿದಷ್ಟೂ ಚೆಂಡು ಎತ್ತರ ಹೋಗುತ್ತೆ, ದೂರ ಕಡಿಮೆ. ಕಬ್ಬಿಣದ ಕೋಲುಗಳ ಸೆಟ್ ಜೊತೆಗೇ ಬರೋದು ಪಿಚಿಂಗ್ ವೆಜ್. ಹಳೆ ಕಾಲದಲ್ಲಿ ಅದು 48-50 ಡಿಗ್ರಿ ಇರ್ತಿತ್ತು. ಈಗಿನ ಕಂಪನಿಗಳು "ನಮ್ಮ ಕೋಲಲ್ಲಿ ಚೆಂಡು ಜಾಸ್ತಿ ದೂರ ಹೋಗುತ್ತೆ" ಅಂತ ತೋರಿಸೋಕೆ ಅದನ್ನ 45, 44, ಇನ್ನೂ ಕೆಳಗೆ ತಂದಿಟ್ಟಿವೆ. ನಂಬರ್ ಹಳೇದು, ಕೋಲು ಬೇರೆ. (ನಮ್ಮ ಸಾಫ್ಟ್‌ವೇರ್‌ನಲ್ಲಿ ವರ್ಷನ್ ನಂಬರ್ ಮಾತ್ರ ಬದಲಾಯಿಸಿ ಒಳಗೆ ಏನೂ ಬದಲಾಯಿಸದವರಿದ್ದಾರೆ, ಇವರು ಅದನ್ನೇ ಉಲ್ಟಾ ಮಾಡ್ತಾರೆ.) ನನ್ನದು 44. ನಾನು ಕೊಂಡ ಮುಂದಿನ ಕೋಲು 52. ನಡುವೆ ಎಂಟು ಡಿಗ್ರಿ ಹಳ್ಳ! ಪಿಚಿಂಗ್ ವೆಜ್‌ನಲ್ಲಿ 115 ಗಜ, 52ರಲ್ಲಿ 85 ಗಜ. ಚೆಂಡು ನೂರು ಗಜದಲ್ಲಿ ಬಿದ್ದರೆ ನನ್ನ ಹತ್ರ ಕೋಲೇ ಇಲ್ಲ. ಮತ್ತೆ ನನ್ನ ಚೆಂಡು ಯಾವಾಗಲೂ ನೂರು ಗಜದಲ್ಲೇ ಬೀಳೋದು, ಅದು ನನ್ನ ಹಣೆಬರಹ. ಕೋಲಿನಿಂದ ಕೋಲಿಗೆ ನಾಲ್ಕರಿಂದ ಆರು ಡಿಗ್ರಿ ಅಂತರ ಇಟ್ಕೋಬೇಕು, ಲೆಕ್ಕವನ್ನ ನಿಮ್ಮ ಪಿಚಿಂಗ್ ವೆಜ್‌ನಿಂದ ಶುರು ಮಾಡ್ಬೇಕು ಅನ್ನೋದು ಗೊತ್ತಾಗೋಕೆ ನನಗೆ ಒಂದು ವರ್ಷ ಬೇಕಾಯ್ತು. ಇಂಜಿನಿಯರಿಂಗ್ ಓದಿದವನು ನಾನು!

ಇನ್ನೊಂದು ಸಂಗತಿ ಬೌನ್ಸ್. ಅದು ಅರ್ಥ ಆಗಿದ್ದು ಮಾತ್ರ ಊರಲ್ಲೇ.

2024ರ ಡಿಸೆಂಬರ್ 30ಕ್ಕೆ ಎಳ್ಳ ಅಮಾಸಿ. ನಮ್ಮ ಕಡೆಯವರಿಗೆ ದೀಪಾವಳಿ ಒಂದು ಕಡೆ ಆದರೆ ಎಳ್ಳ ಅಮಾಸಿ ಒಂದು ಕಡೆ. ಹೊಲಕ್ಕೆ ಹೋಗಿ ಚರಗ ಚೆಲ್ಲಿ ಭಜ್ಜಿ, ಸಜ್ಜಿ ರೊಟ್ಟಿ, ಕಡಬು ತಿನ್ನದಿದ್ದರೆ ವರ್ಷ ಮುಗಿದಂಗೇ ಅಲ್ಲ. ನಾಲ್ಕು ದಿನ ಮುಂಚೆಯೇ ಹೊರಟೆ. ಅಕ್ಕನನ್ನ ಆಳಂದದಿಂದ, ಅಜ್ಜಿಯನ್ನ ಅಫಜಲಪುರ ಕಡೆಯಿಂದ ಕರ್ಕೊಂಡು ಊರಿಗೆ ಬರೋದು ನನ್ನ ಡ್ಯೂಟಿ. ವೆಜ್ ಮೂರನ್ನೂ ಯಾಕೆ ಹೊತ್ಕೊಂಡು ಹೋದೆನೋ ಗೊತ್ತಿಲ್ಲ, ಪ್ರಾಕ್ಟೀಸ್ ತಪ್ಪಬಾರದು ಅಂತ ಇರ್ಬೇಕು.

ಆಳಂದದಲ್ಲಿ ಅಕ್ಕನ ಮನೆಯವರದು ಮಡ್ಡಿ ಹೊಲ. ಮೇಲೆ ನಾಲ್ಕು ಬೆರಳು ಮಣ್ಣು, ಕೆಳಗೆ ಗಟ್ಟಿ ಮೊರಂ. ದನ ಮೇದು ಬೋಳಾದ ಜಾಗದಲ್ಲಿ ಅಳಿಯನ ಜೊತೆ ನಿಂತು 60 ಡಿಗ್ರಿಯಲ್ಲಿ ಮೆತ್ತಗೆ ಹೊಡೆದೆ. ಆಹಾ! ಮ್ಯಾನೇಜರ್ ಹೊಡೆದಂಗೇ ಹೋಯ್ತು. ಹತ್ತರಲ್ಲಿ ಏಳು ಸರಿ. ಬೆಂಗಳೂರಲ್ಲಿ ಹತ್ತರಲ್ಲಿ ಒಂದು ಸರಿ ಹೋದ್ರೆ ಹೆಚ್ಚು. ಅಕ್ಕ ಬಾಗಿಲಲ್ಲಿ ನಿಂತು ನೋಡಿ "ಇದಕ್ಕೇನಾ ನೀ ಬೆಂಗಳೂರಿಗೆ ಹೋಗಿದ್ದು" ಅಂದ್ಲು.

ಅಫಜಲಪುರದಲ್ಲಿ ಅಜ್ಜಿಯ ಊರು ಭೀಮಾ ದಂಡೆ ಮೇಲಿದೆ. ಲಾರಿಗಳು ಬಿಟ್ಟುಹೋದಷ್ಟು ಮರಳು ಹೊಳಿ ಪಾತ್ರದಲ್ಲಿ ಇನ್ನೂ ಇದೆ. ಅಲ್ಲಿ 56 ತಗೊಂಡೆ, ಸ್ಯಾಂಡ್ ವೆಜ್ ಅನ್ನೋ ಹೆಸರೇ ಇರೋದು. ಹೊಡೆದ್ರೆ ಕೋಲು ಮರಳಲ್ಲಿ ಹುಗಿದು ನಿಂತಿತು. ಚೆಂಡು ಎರಡಡಿ ಮುಂದೆ ಹೋಗಿ ನನ್ನನ್ನೇ ನೋಡ್ತಾ ಕೂತಿತ್ತು. ಮತ್ತೆ ಹೊಡೆದೆ, ಮತ್ತೆ ಹುಗೀತು. ಮಣಿಕಟ್ಟು ನೋವು ಬಂದದ್ದೊಂದೇ ಲಾಭ.

ನಮ್ಮೂರಂತೂ ಎರಿ ಭೂಮಿ, ಆಳೆತ್ತರ ಅಗೆದರೂ ಕಪ್ಪು ಮಣ್ಣೇ. ಬೋರ್ ನೀರು ಹಾಯಿಸಿದ ಮಡಿ ಪಕ್ಕ ನಿಂತು 52ರಲ್ಲಿ ಹೊಡೆದೆ. ಚೆಂಡಿನ ಜೊತೆ ಕಾಲು ಕಿಲೋ ಮಣ್ಣು ಎದ್ದು ಬಂತು. ಕೋಲಿನ ಮುಖದ ಗೆರೆಗಳೆಲ್ಲ ಮೆತ್ತಿಹೋದ್ವು. ಚೆಂಡಿಗೆ ಸ್ಪಿನ್ ಕೊಡೋ ಕೆಲಸದಲ್ಲಿ ಆ ಗೆರೆಗಳ ಪಾಲು ದೊಡ್ಡದು, ಅವು ಮುಚ್ಚಿದ್ರೆ ಚೆಂಡು ಎಲ್ಲಿ ನಿಲ್ಲುತ್ತೆ ಅಂತ ದೇವರಿಗೇ ಗೊತ್ತು. ಎರಿ ಮಣ್ಣು ಚಪ್ಪಲಿಯನ್ನೇ ಬಿಡೋದಿಲ್ಲ, ಕೋಲನ್ನ ಬಿಡುತ್ತಾ.

ಚರಗ ಚೆಲ್ಲಿ, ಊಟ ಆಗಿ ಬೇವಿನ ಗಿಡದ ನೆರಳಲ್ಲಿ ಎಲ್ಲರೂ ಅಡ್ಡಾಗಿದ್ವಿ. ಅಪ್ಪ ಎದ್ದು ಬಂದು 56 ಡಿಗ್ರಿಯದನ್ನ ಕೈಗೆ ತಗೊಂಡ್ರು. ಮುಖ ನೋಡಲಿಲ್ಲ, ಕಂಪನಿ ಹೆಸರು ನೋಡಲಿಲ್ಲ. ಉಲ್ಟಾ ಮಾಡಿ ತಳದ ಮೇಲೆ ಹೆಬ್ಬೆರಳು ಆಡಿಸಿದ್ರು.

"ಇಲ್ಲಿ ಈ ಹೊಟ್ಟಿ ಯಾಕ ಬಿಟ್ಟಾರ?"

"ನೆಲದಾಗ ಹೊಕ್ಕೋಬಾರ್ದು, ಜಾರ್ಬೇಕು ಅಂತಪ್ಪ."

"ಮತ್ತ ಇದಕ್ಕ ಹೊಟ್ಟಿ ಎಲ್ಲದ? ಒಣಗಿಹೋಗ್ಯಾದ."

ಅಪ್ಪನಿಗೆ ಇದು ಹೊಸದೇನಲ್ಲ. ನಲವತ್ತು ವರ್ಷದಿಂದ ಕುಂಟಿ ಹೊಡೆದವರು. ಕುಂಟಿಯ ಕುಡ ಭಾಳ ಬಗ್ಗಿದ್ರೆ ನೆಲದಲ್ಲಿ ಹೊಕ್ಕು ಎತ್ತಿನ ಹೆಗಲು ಹೋಗುತ್ತೆ, ಎತ್ತಿ ಕಟ್ಟಿದ್ರೆ ಮೇಲಿಂದ ಮೇಲೆ ಜಾರಿ ಕಸ ಹಂಗೇ ಉಳಿಯುತ್ತೆ. ಮಳೆಯಾದ ನಾಲ್ಕನೇ ದಿನಕ್ಕೆ ಒಂದು ಕೋನ, ಹದಿನೈದನೇ ದಿನಕ್ಕೆ ಇನ್ನೊಂದು. ಆ ಕೋನ ಅಲುಗದಂತೆ ಬಡಿಯೋ ಮರದ ತುಂಡಿಗೂ ಬೆಣೆ ಅಂತಲೇ ಹೆಸರು. ಗಾಲ್ಫಿನವರು ಕಂಡುಕೊಂಡದ್ದೂ ಇದನ್ನೇ. 1932ರಲ್ಲಿ ಬ್ರಿಟಿಷ್ ಓಪನ್ ಗೆದ್ದ ಅಮೆರಿಕದ ಜೀನ್ ಸಾರಾಜೆನ್, ಕೋಲಿನ ತಳಕ್ಕೆ ಬೆಸುಗೆ ಹಾಕಿ ಹಾಕಿ ಹಿಂದುಗಡೆ ಹೊಟ್ಟೆ ಬರಿಸಿದ. ವಿಮಾನ ಮೇಲೇಳುವಾಗ ಬಾಲ ಕೆಳಗಾಗೋದನ್ನ ನೋಡಿ ಹೊಳೀತು ಅಂತ ಅವನೇ ಹೇಳ್ಕೊಂಡಿದ್ದಾನೆ. ಈಗಿನ ಸ್ಯಾಂಡ್ ವೆಜ್‌ಗೆ ಅದೇ ಅಜ್ಜ. ಕೋಲನ್ನ ನೆಲದ ಮೇಲಿಟ್ಟಾಗ ಮುಂದಿನ ಅಂಚಿಗಿಂತ ಆ ಹೊಟ್ಟೆ ಎಷ್ಟು ಕೆಳಗಿದೆ ಅನ್ನೋ ಕೋನವೇ ಬೌನ್ಸ್. ನಾಲ್ಕರಿಂದ ಆರು ಡಿಗ್ರಿ ಅಂದ್ರೆ ಕಡಿಮೆ, ಹತ್ತು ದಾಟಿದ್ರೆ ಜಾಸ್ತಿ. ಗಟ್ಟಿ ನೆಲಕ್ಕೆ, ಚೆಂಡನ್ನ ಗುಡಿಸಿದಂಗೆ ಹೊಡೆಯೋರಿಗೆ ಕಡಿಮೆ ಬೌನ್ಸ್ ಸಾಕು. ಮೆತ್ತನೆ ನೆಲ, ಸಡಿಲ ಮರಳು, ಮೇಲಿಂದ ಕೆಳಕ್ಕೆ ಕಡಿದಂಗೆ ಹೊಡೆಯೋರು, ಇವಕ್ಕೆಲ್ಲ ಜಾಸ್ತಿ ಬೇಕು. ನನ್ನ 60ಕ್ಕೆ ಇದ್ದದ್ದು ನಾಲ್ಕು, 52 ಮತ್ತು 56ಕ್ಕೆ ಎಂಟೆಂಟು. ನಾನು ಹೊಡೆಯೋದು ಗುದ್ದಲಿ ಬೀಸಿದಂಗೆ. ಆಳಂದದ ಮೊರಂ ನನ್ನ ತಪ್ಪನ್ನ ಮುಚ್ಚಿಟ್ಟಿತ್ತು ಅಷ್ಟೇ, ಕೋಲು ಅಲ್ಲಿ ಹೊಗೋಕೆ ಜಾಗವೇ ಇರಲಿಲ್ಲ.

"ಎಷ್ಟ್ ಕೊಟ್ಟಿ?"

"ಮೂರು ಸಾವಿರ."

"ಒಂದಕ್ಕೋ, ಮೂರಕ್ಕೋ?"

"ಮೂರಕ್ಕೂ."

ಅಪ್ಪ ಏನೂ ಅನ್ನಲಿಲ್ಲ. ಬೆರಳಿನಿಂದ ಉಕ್ಕನ್ನ ಒಂದು ಸಲ ಠಣ್ ಅನ್ನಿಸಿ ನೋಡಿ ಕೆಳಗಿಟ್ರು. ಕುಲುಮೆ ಮುಂದೆ ಕೂತು ಕುಡ ಬಡಿಸಿಕೊಂಡು ಬಂದವರಿಗೆ ಉಕ್ಕಿನ ರೇಟು ಗೊತ್ತಿರಲ್ವಾ.

ನಾನು ಯಾಕೆ ಸುಳ್ಳು ಹೇಳಿದೆ ಅಂತ ನಿಮಗೆ ಹೇಳಲೇಬೇಕು. 2022ರ ಮುಂಗಾರಿನ ತೊಗರಿಗೆ ನಮ್ಮ ಜಿಲ್ಲೆಯಲ್ಲಿ ನೆಟೆ ರೋಗ ಬಂತು. ಮಣ್ಣಲ್ಲೇ ಇರೋ ಶಿಲೀಂಧ್ರ ಅದು, ಬೇರಿನಿಂದ ಹತ್ತಿ ಗಿಡದ ನೀರಿನ ದಾರಿ ಮುಚ್ಚುತ್ತೆ. ಹೂವು ಕಾಯಿ ಹಿಡಿದು ನಿಂತ ಗಿಡ ನಿಂತಲ್ಲೇ ಒಣಗುತ್ತೆ. ಅಪ್ಪನ ಐದು ಎಕರೆಯಲ್ಲಿ ಕೈಗೆ ಸಿಕ್ಕಿದ್ದು ಎರಡು ಚೀಲ. ಆ ಜನವರಿಯಲ್ಲಿ ಅಪ್ಪ ಫೋನ್ ಮಾಡಿ ಮೂವತ್ತು ಸಾವಿರ ಕೇಳಿದ್ರು. ಅವರು ಕೇಳೋದೇ ಅಪರೂಪ. ನಾನು ಇಪ್ಪತ್ತು ಹಾಕಿ "ಸದ್ಯಕ್ಕ ಇಷ್ಟೇ ಅದಪ್ಪ" ಅಂದೆ. ವೆಜ್ ತಗೊಂಡದ್ದು ಅದರ ಮುಂದಿನ ವಾರ.

ಸಂಜೆ ಎತ್ತಿಗೆ ನೀರು ಕುಡಿಸುವಾಗ ಹೇಳಿಬಿಟ್ಟೆ. ನಲವತ್ತೆರಡು ಸಾವಿರ. ಯಾವಾಗ ಅಂತ ಕೇಳಿದ್ರು, ಅದನ್ನೂ ಹೇಳಿದೆ. ಅಪ್ಪ ಎತ್ತಿನ ಬೆನ್ನು ಸವರ್ತಾ ಸುಮ್ಮನೆ ನಿಂತ್ರು. ನಾನು ಮನಸ್ಸಲ್ಲೇ ಲೆಕ್ಕ ಹಾಕ್ತಿದ್ದೆ. 2024-25ಕ್ಕೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 7,550 ರೂಪಾಯಿ, ಅಂದ್ರೆ ಐದೂವರೆ ಕ್ವಿಂಟಲ್. ಅವರೂ ಅದನ್ನೇ ಹಾಕ್ತಿದ್ರೋ ಏನೋ. ಬೈತಾರೆ ಅಂತ ಕಾದೆ. ಬೈದಿದ್ರೆ ಚೆನ್ನಾಗಿರ್ತಿತ್ತು.

"ಯಾರನ್ನ ಕೇಳಿ ತಂದಿ?" ಅಂದ್ರು ಕೊನೆಗೆ.

"ನಮ್ಮ ಮ್ಯಾನೇಜರ್‌ನ."

"ಅವ್ರ ಹೊಲಾ ಎಂಥಾದ್ದು?"

ನಾನು ಉತ್ತರ ಕೊಡಲಿಲ್ಲ. ಬಕೆಟ್ ತಗೊಂಡು ಒಳಗೆ ಹೋದ್ರು.

ರಾತ್ರಿ ಊಟಕ್ಕೆ ಕೂತಾಗ ಮಾತೇ ಇಲ್ಲ. ತಡೆಯಲಾರದೆ ಮೊಬೈಲಲ್ಲಿ ಕೋರ್ಸಿನ ವಿಡಿಯೋ ತೆಗೆದು ತೋರಿಸಿದೆ, ನೋಡಿ ಅಪ್ಪ ನಾವು ಆಡೋ ಜಾಗ ಹಿಂಗಿರುತ್ತೆ ಅಂತ. ಅಪ್ಪ ಕನ್ನಡಕ ಹಾಕ್ಕೊಂಡು ನೋಡಿದ್ರು, ನಿಲ್ಲಿಸು ಅಂದ್ರು, ದೊಡ್ಡದು ಮಾಡು ಅಂದ್ರು.

"ಇದು ಕರಕಿ ಅಲ್ಲೇನು?"

ಹೌದು, ಕರಕಿಯೇ. ಬೆಂಗಳೂರು ಕಡೆ ಗರಿಕೆ ಅಂತಾರೆ. ಬರ್ಮುಡಾ ಗ್ರಾಸ್ ಅಂತ ಗಾಲ್ಫಿನವರು ಕರೆಯೋದು ಇದನ್ನೇ, ಬಿಸಿ ಸೀಮೆಯ ಎಷ್ಟೋ ಕೋರ್ಸ್‌ಗಳಲ್ಲಿ ಇದರದ್ದೇ ತಳಿಗಳು. ಎರಿ ಹೊಲಕ್ಕೆ ಇದಕ್ಕಿಂತ ದೊಡ್ಡ ಶತ್ರು ಇಲ್ಲ. ಬೇರು ಆಳಕ್ಕೆ ಇಳಿದಿರುತ್ತೆ, ಒಂದು ಗೆಣ್ಣು ಉಳಿದ್ರೂ ಮತ್ತೆ ಚಿಗುರುತ್ತೆ. ಅಜ್ಜ ಇದನ್ನ ಅಗೆದೂ ಅಗೆದೂ ಸತ್ತ ಅಂತ ಅಮ್ಮ ಹೇಳ್ತಿರ್ತಾಳೆ.

"ನೀರ್ ಬಿಟ್ಟು ಬೆಳಸ್ತಾರೇನು ಇದನ್ನ?"

"ಹೌದು. ಗೊಬ್ಬರಾನೂ ಹಾಕ್ತಾರ."

ಅಪ್ಪ ನಗೋಕೆ ಶುರು ಮಾಡಿದವರು ಕೆಮ್ಮು ಬರೋವರೆಗೂ ನಕ್ರು. ಅಮ್ಮ ನೀರು ತಂದು ಕೊಟ್ಲು. :-)

ಬೆಂಗಳೂರಿಗೆ ಬಂದ ಮೇಲೆ ಮಾಡಿದ ಮೊದಲ ಕೆಲಸ, ನನ್ನ ಹೊಡೆತ ಕಿತ್ತ ಹುಲ್ಲಿನ ಗುಂಡಿಗಳನ್ನ ಕೂತು ನೋಡಿದ್ದು. ಮ್ಯಾನೇಜರ್ ಹೊಡೆದಲ್ಲಿ ಹುಲ್ಲು ಸವರಿದಂಗಿರುತ್ತೆ, ನನ್ನದರಲ್ಲಿ ಸಸಿ ನೆಡಬಹುದು. ಮಳೆಗಾಲದಲ್ಲಿ ಇನ್ನೂ ಮೆತ್ತಗಾಗೋ ನೆಲ ಅದು. 60 ಮತ್ತು 56ನ್ನ ಮಾರಿದೆ. ಸೆಕೆಂಡ್ ಹ್ಯಾಂಡ್‌ನಲ್ಲಿ 14 ಡಿಗ್ರಿ ಬೌನ್ಸ್ ಇರೋ ದಪ್ಪ ಹೊಟ್ಟೆಯ 56 ಒಂದು, ನೂರು ಗಜದ ಹಳ್ಳ ಮುಚ್ಚೋಕೆ 48 ಒಂದು ತಗೊಂಡೆ. ಈಗ 44, 48, 52, 56. ಚೀಲದಲ್ಲಿ ಹದಿನಾಲ್ಕು ಕೋಲಿಗಿಂತ ಜಾಸ್ತಿ ಇಡೋ ಹಾಗಿಲ್ಲ ಅನ್ನೋದು 1930ರ ದಶಕದ ಕೊನೆಯಿಂದ ಬಂದ ನಿಯಮ, ಹಾಗಾಗಿ ಎಂದೂ ಸರಿಯಾಗಿ ತಾಕದ ನನ್ನ ನಾಲ್ಕನೇ ನಂಬರ್ ಐರನ್ ಮಂಚದ ಕೆಳಗೆ ಹೋಯ್ತು. ಹೊಸದೇ ಬೇಕು ಅಂತ ಹಟ ಬೇಡ ಸ್ನೇಹಿತರೇ, ಆದರೆ ಹಳೇದು ಕೊಳ್ಳುವಾಗ ಮುಖದ ಗೆರೆಗಳು ಸವೆದಿವೆಯಾ ಅಂತ ಉಗುರಿನಲ್ಲಿ ಕೆರೆದು ನೋಡಿ. ಮಿಕ್ಕಿದ್ದೆಲ್ಲ ಅಡ್ಜಸ್ಟ್ ಆಗುತ್ತೆ.

ಎಲ್ಲ ಕೊಟ್ಟು ತಗೊಂಡು ಆದ ಮೇಲೆ ಕೈಯಲ್ಲಿ ಉಳಿದದ್ದಕ್ಕೆ ಸ್ವಲ್ಪ ಸೇರಿಸಿ ಹತ್ತು ಸಾವಿರ ಮಾಡಿ ಅಪ್ಪನ ಖಾತೆಗೆ ಹಾಕಿದೆ. ಸಂಜೆಯೇ ಫೋನ್ ಬಂತು.

"ಏನ್ ರೊಕ್ಕ ಇದು?"

"ಅವತ್ತಿಂದು ಅಪ್ಪ. ಬೆಣಿ ಮಾರಿದೆ."

ಸ್ವಲ್ಪ ಹೊತ್ತು ಆ ಕಡೆಯಿಂದ ಎತ್ತಿನ ಗಂಟೆ ಶಬ್ದ ಮಾತ್ರ.

"ಯಾವ್ದು, ಆ ತೆಳ್ಳಂದೇ?"

"ಹೌದು."

"ಅಯ್ಯ, ಅದನ್ಯಾಕ ಮಾರ್ದಿ? ಆಳಂದದಾಗ ಭಾಳ ಚೊಲೋ ಹೊಡೀತಿದ್ದಿ ಅಂತ ಅಕ್ಕ ಹೇಳ್ಲಕತ್ತಿದ್ದಳಲ್ಲ."